ಮುದ್ದೆಮಾಪಕದ ಮೊದಲ ಪ್ರಯೋಗ

ಭೂಕಂಪ ಅಳೆಯಲು ಯಂತ್ರವಿದೆ. ಹಾಲಿಗೆ ಎಷ್ಟು ನೀರು ಬೆರೆಸಿದ್ದಾರೆಂದು ಹೇಳಲು ಯಂತ್ರವಿದೆ. ಚಂದ್ರನ ಮೇಲಿನ ಮಣ್ಣು ಎಷ್ಟು ಬಿಸಿಯಿದೆ ಎಂಬುದನ್ನು ಇಲ್ಲಿ ಕೂತೇ ತಿಳಿಯಬಹುದು. ಆದರೆ ಇಡೀ ಕನಕಪುರ ತಾಲ್ಲೂಕು ದಿನಕ್ಕೆರಡು ಹೊತ್ತು ನುಂಗುವ ರಾಗಿಮುದ್ದೆ ಒಳಗೆ ಬೆಂದಿದೆಯೋ ಇಲ್ಲವೋ ಎಂದು ಹೇಳುವ ಒಂದೇ ಒಂದು ಉಪಕರಣ ಈ ಭೂಮಂಡಲದಲ್ಲಿ ಇರಲಿಲ್ಲ. ಆ ಕೊರತೆ ನೀಗಿಸಲೆಂದೇ ನಾನು ಹುಟ್ಟಿದ್ದೇನೆ ಎಂಬುದು ಕಳೆದ ಫೆಬ್ರವರಿಯಲ್ಲಿ ನನಗೆ ಖಚಿತವಾಯಿತು!

ನಾನು ಬೈರೇಶ್. ಕನಕಪುರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಹದಿನಾರು ವರ್ಷಗಳಿಂದ ವಿದ್ಯಾರ್ಥಿಗಳು ಸುಟ್ಟುಹಾಕಿದ ಮೀಟರುಗಳನ್ನು ರಿಪೇರಿ ಮಾಡಿ, ಅವರು ಮತ್ತೆ ಸುಡಲು ಅನುವು ಮಾಡಿಕೊಡುವುದು ನನ್ನ ಕೆಲಸ. ಇಂಥ ಮಹಾಪ್ರತಿಭೆ ಇಷ್ಟು ಕಾಲ ನಮ್ಮೂರು ಸಾತನೂರಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದದ್ದು ದೇಶದ ದುರದೃಷ್ಟ.

ಅದು ಶುರುವಾದದ್ದು ಒಂದು ಭಾನುವಾರ ಮಧ್ಯಾಹ್ನ. ನನ್ನ ಹೆಂಡತಿ ಶಿವಲಕ್ಷ್ಮಿ ಬಡಿಸಿದ ಮುದ್ದೆಯೊಳಗೆ ಬೇಯದ ಹಿಟ್ಟಿನ ಗಂಟೊಂದು ಸಿಕ್ಕಿತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಸುಮ್ಮನೆ ನುಂಗಬಹುದಿತ್ತು. ನಾನು ಅದನ್ನು ಬೆರಳ ತುದಿಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಲ್ಯಾಬಿನ ಸ್ಯಾಂಪಲ್ಲಿನಂತೆ ಅವಳಿಗೆ ತೋರಿಸಿದೆ.

"ಗಂಟು ಹುಡ್ಕಕೆ ಕಣ್ಣು ಐತೆ," ಎಂದಳು ಶಿವಲಕ್ಷ್ಮಿ. "ತೊಳ್ಸಕೆ ಕೈ ಇಲ್ವಾ?"

ಬುದ್ಧಿಯಿರುವ ಗಂಡನಾಗಿದ್ದರೆ ಮರುದಿನ ಕೋಲು ಹಿಡಿದು ಹಿಟ್ಟು ತೊಳಸುತ್ತಿದ್ದ. ನಾನು ವಿಜ್ಞಾನಿ. ಸಂಶೋಧನೆಗೆ ಕೂತೆ.

ಯಂತ್ರ ಬಹಳ ಸರಳ. ಕಡಲೆಕಾಳಿನ ಗಾತ್ರದ ಒಂದು ಗುಳಿಗೆ. ಅದರೊಳಗೆ ಬಿಸಿ ಅಳೆಯುವ ಸೆನ್ಸರು, ಒಂದು ಪುಟ್ಟ ಬ್ಯಾಟರಿ, ಸುತ್ತಲೂ ನೀರು ಹೋಗದಂತೆ ಗಟ್ಟಿ ಲೇಪ. ಹಿಟ್ಟು ತೊಳಸುವ ಕೋಲಿನ ತುದಿಗೆ ತೂತು ಕೊರೆದು, ಗುಳಿಗೆಯನ್ನು ಅಂಟಿನಿಂದ ಕೂರಿಸಿದೆ. ಪಾತ್ರೆಯೊಳಗಿನ ಬಿಸಿಯನ್ನು ಅದು ಬ್ಲೂಟೂತ್ ಮೂಲಕ ನನ್ನ ಫೋನಿಗೆ ಕಳಿಸುತ್ತದೆ. ಹದ ಬಂದ ಕೂಡಲೇ ಫೋನು, "ಹಿಟ್ಟು ಬೆಂದಿದೆ, ದಯವಿಟ್ಟು ಕೆಳಗಿಳಿಸಿ," ಎಂದು ವಾರ್ತೆ ಓದುವ ಗಾಂಭೀರ್ಯದಲ್ಲಿ ಹೇಳುತ್ತದೆ. ಧ್ವನಿ ನನ್ನದೇ. ಹೆಸರು ಮುದ್ದೆಮಾಪಕ. ಹಿಟ್ಟಿನ ಯಂತ್ರ, ಹಿಟ್ಟಾಗದೆ ಇರುತ್ತದೆಯೇ?

ಎರಡು ತಿಂಗಳು ಬೆಳಿಗ್ಗೆ ಸಂಜೆ ಮುದ್ದೆಯೇ ಮುದ್ದೆ. ಕೆಟ್ಟದ್ದನ್ನೆಲ್ಲ ಹಸುವಿಗೆ ಹಾಕಿದೆವು. ಮೂರನೆಯ ವಾರ ಹಸುವೂ ಮುಖ ತಿರುಗಿಸಿತು. ಕೊನೆಗೆ ಒಂದು ಸಂಜೆ ಶಿವಲಕ್ಷ್ಮಿ ಪಾತ್ರೆಯತ್ತ ಒಮ್ಮೆ ನೋಡಿ, ಆಯ್ತು ಇಳಿಸಿ ಎಂದಳು. ಐದು ಸೆಕೆಂಡು ಬಿಟ್ಟು ಫೋನೂ ಅದನ್ನೇ ಹೇಳಿತು. ನಾನು ಕುಣಿದಾಡಿದೆ. ತಾನು ಹೇಳಿದ್ದನ್ನೇ ಹೇಳುವುದಾದರೆ ಅದು ಯಾತಕ್ಕೆ ಎಂದು ಅವಳು ಕೇಳಿದಳು. ಅದಕ್ಕೆ ಕ್ಯಾಲಿಬ್ರೇಷನ್ ಅನ್ನುತ್ತಾರೆ, ನಿನಗೆ ಅರ್ಥವಾಗುವುದಿಲ್ಲ ಎಂದು ವಿವರಿಸಿದೆ.

ಅಷ್ಟರಲ್ಲಿ ಅವಳ ತಂಗಿ ರಮ್ಯಳ ಮದುವೆಯಾಯಿತು. ಮದುವೆಯ ಮರುವಾರ ಕೋಡಿಹಳ್ಳಿಯ ನನ್ನ ಮಾವನ ಮನೆಯಲ್ಲಿ ಬೀಗರೂಟ. ಮಾವ ಬೀರಯ್ಯನವರು ತಮ್ಮ ಮಂದೆಯಿಂದಲೇ ಆರು ಮರಿ ಕಡಿಸಿದ್ದರು. ಗಂಡಿನ ಕಡೆಯವರು ಉಯ್ಯಂಬಳ್ಳಿಯಿಂದ ಎರಡು ವ್ಯಾನಿನಲ್ಲಿ ಬರುವವರಿದ್ದರು. ಗಂಡಿನ ತಂದೆ ಚಿಕ್ಕರಾಜು ಆರಡಿ ಎತ್ತರದ ಆಳು. ಊಟದ ವಿಷಯದಲ್ಲಿ ಎಷ್ಟು ಉದಾರವೋ ಮರ್ಯಾದೆಯ ವಿಷಯದಲ್ಲಿ ಅಷ್ಟೇ ಸೂಕ್ಷ್ಮ. ಮದುವೆಯ ದಿನ ತಾಂಬೂಲ ತಡವಾಯಿತೆಂದು ಅರ್ಧ ಗಂಟೆ ಮಾತು ಬಿಟ್ಟಿದ್ದವರು.

ಆ ಕೋಲು ಮಾತ್ರ ಅಲ್ಲಿಗೆ ಬೇಡ ಎಂದು ಶಿವಲಕ್ಷ್ಮಿ ಹೊರಡುವ ಮುಂಚೆ ಹೇಳಿದಳು. ದಾರಿಯಲ್ಲಿ ಬೈಕಿನ ಹಿಂದೆ ಕೂತು ಇನ್ನೊಮ್ಮೆ ಹೇಳಿದಳು. ಕೋಲು ಆಗಲೇ ನನ್ನ ಬೆನ್ನಿನ ಚೀಲದಲ್ಲಿತ್ತು. ದಾರಿಯುದ್ದಕ್ಕೂ ಅವಳ ಮೂಗಿಗೆ ತಾಗುತ್ತಿತ್ತು. ಅವಳು ಹೇಳಿದ್ದು ಸಲಹೆಯಲ್ಲ, ದೂರು ಎಂದು ನಾನು ಭಾವಿಸಿದೆ.

ಅಡಿಗೆಗೆ ಬಂದಿದ್ದವರು ಹನುಮಂತಯ್ಯ. ನಲವತ್ತು ವರ್ಷದಿಂದ ಸುತ್ತಲ ಹಳ್ಳಿಗಳ ಊಟಗಳಿಗೆಲ್ಲ ಹಿಟ್ಟು ತೊಳಸಿದ ಕೈ. ನನ್ನ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಮುದ್ದೆಯ ಉಷ್ಣ ವಿಜ್ಞಾನದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಯ್ತು ಮೇಷ್ಟ್ರೆ, ಒಂದು ಹಂಡೆ ನಿಮ್ದು. ಮಿಕ್ಕಿದ್ದು ಉಣ್ಣೋರ್ದು," ಎಂದರು.

ಮಾವನವರಿಗೆ ಮಾತ್ರ ಹೆಮ್ಮೆ. ಅಳಿಮಯ್ಯ ಕಂಡುಹಿಡಿದದ್ದು ಎಂದು ಬೀಗರನ್ನೆಲ್ಲ ಒಲೆಯ ಹತ್ತಿರ ಕರೆತಂದರು. ಮೂವತ್ತು ಜನರ ಮುಂದೆ ಬೆವರು ಸುರಿಸುತ್ತಾ ತೊಳಸಿದೆ. ಫೋನು ನನ್ನದೇ ಧ್ವನಿಯಲ್ಲಿ ದಯವಿಟ್ಟು ಕೆಳಗಿಳಿಸಿ ಎಂದಾಗ ಚಿಕ್ಕರಾಜು ಕೂಡ ಹುಬ್ಬೇರಿಸಿದರು. ಆ ಕ್ಷಣದಲ್ಲಿ ನನಗೆ ಒಂದು ಶಾಲು, ಒಂದು ಹಾರ, ಒಂದು ಪೇಟೆಂಟು ಕಾಣಿಸಿದವು. ಮೊದಲ ಮುದ್ದೆ ಕಟ್ಟಿದ ಕೂಡಲೇ ಉದ್ಘಾಟನೆಯ ಗತ್ತಿನಲ್ಲಿ ನಾನೇ ಸಾರಿಗೆ ಅದ್ದಿ, ದೊಡ್ಡ ತುತ್ತುಗಳಲ್ಲಿ ನುಂಗಿ, ಒಂದು ಗಂಟೂ ಇಲ್ಲವೆಂದು ಸಭೆಗೆ ಘೋಷಿಸಿದೆ. ಮುದ್ದೆಯನ್ನು ಅಗಿಯುವವರು ನಮ್ಮ ಕಡೆ ಯಾರೂ ಇಲ್ಲ. ಜಾರಿಸಿಬಿಡುವುದೇ ಪದ್ಧತಿ. ಆಮೇಲೆ ಫೋನನ್ನು ಜೇಬಿಗಿಳಿಸಿ ಹೊಗಳಿಕೆ ಸ್ವೀಕರಿಸುತ್ತಾ ನಿಂತೆ. ಹನುಮಂತಯ್ಯ ನನ್ನ ಕೋಲನ್ನು ಗೋಡೆಗೆ ಒರಗಿಸಿ, ತಮ್ಮ ಕೋಲು ತೆಗೆದುಕೊಂಡು ಎರಡನೇ ಹಂಡೆಗೆ ಕೈಹಾಕಿದರು.

ಮೊದಲ ಪಂಕ್ತಿ ಅರ್ಧ ಮುಗಿದಾಗ ಕೋಲು ತೊಳೆಯಲು ಹೋದೆ. ತುದಿಯಲ್ಲಿ ತೂತಿತ್ತು. ಗುಳಿಗೆ ಇರಲಿಲ್ಲ.

ಮನೆಯಲ್ಲಿ ಎರಡು ತಿಂಗಳು ಸಣ್ಣ ಪಾತ್ರೆಯಲ್ಲಿ ಗಟ್ಟಿಯಾಗಿ ನಿಂತಿದ್ದ ಅಂಟು, ಹಂಡೆಯ ಬಿಸಿಗೆ ಕೈಕೊಟ್ಟಿತ್ತು. ಹಂಡೆ ತಡಕಿದೆ, ಒಲೆಯ ಸುತ್ತ ಹುಡುಕಿದೆ. ಕೊನೆಗೆ ಫೋನು ತೆಗೆದೆ. ಮೂವತ್ತೇಳು ಡಿಗ್ರಿ. ಯಾವುದೋ ಎಲೆಯ ಮೇಲೆ ಆರುತ್ತಿರಬೇಕು ಎಂದುಕೊಂಡೆ. ಐದು ನಿಮಿಷ ಕಾದೆ. ಮೂವತ್ತೇಳು. ಇನ್ನೈದು ನಿಮಿಷ. ಮೂವತ್ತೇಳು. ಆರಲೂ ಇಲ್ಲ, ಏರಲೂ ಇಲ್ಲ. ಈ ಪ್ರಪಂಚದಲ್ಲಿ ಗಟ್ಟಿಯಾಗಿ ಮೂವತ್ತೇಳು ಡಿಗ್ರಿಯಲ್ಲೇ ನಿಲ್ಲುವ ಜಾಗ ಯಾವುದೆಂದು ಆಗ ಹೊಳೆಯಿತು. ನನ್ನ ಆವಿಷ್ಕಾರ ಯಾರದೋ ಹೊಟ್ಟೆಯೊಳಗಿತ್ತು.

ತುಪ್ಪ ಬಡಿಸುತ್ತಿದ್ದ ಶಿವಲಕ್ಷ್ಮಿಯನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಹೇಳಿದೆ. ಅವಳು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಬ್ಯಾಟರಿ ಇರುವ ವಸ್ತು, ಮೊದಲು ಡಾಕ್ಟರಿಗೆ ತೋರಿಸಬೇಕು, ಯಾರು ನುಂಗಿದ್ದಾರೆಂದು ಬೇಗ ಪತ್ತೆ ಮಾಡಿ ಎಂದಳು. ಆಮೇಲೆ ಮೆಲ್ಲಗೆ, "ಚಿಕ್ಕರಾಜಣ್ಣ ಆಗಿದ್ರೆ ನನ್ ತಂಗಿ ಬಾಳು ಏನಾಯ್ತದೋ ಯೋಚ್ನೆ ಮಾಡಿ," ಎಂದಳು.

ನಾನು ಯೋಚನೆ ಮಾಡಿದೆ. ಮೊದಲ ಹಂಡೆಯ ಮುದ್ದೆಯನ್ನು ಚಿಕ್ಕರಾಜು ಐದು ಉಂಡಿದ್ದರು. ಗುಳಿಗೆ ಹತ್ತಿರವಿದ್ದಷ್ಟೂ ಫೋನಿನಲ್ಲಿ ಸಿಗ್ನಲ್ ಗೆರೆಗಳು ಜಾಸ್ತಿ. ಸಾರಿನ ಬಕೆಟ್ಟು ಹಿಡಿದು, ಅದರ ಮರೆಯಲ್ಲಿ ಫೋನಿಟ್ಟುಕೊಂಡು ನೇರ ಅವರ ಬಳಿಗೆ ಹೋದೆ. ನಾಲ್ಕಕ್ಕೆ ನಾಲ್ಕು ಗೆರೆ. ಇನ್ನು ಬೇರೆಯವರನ್ನು ನೋಡುವ ಅಗತ್ಯವೇ ಕಾಣಲಿಲ್ಲ. ಉತ್ತರ ಸಿಕ್ಕಿದ ಮೇಲೆ ಹುಡುಕುವುದು ಸಮಯದ ದುರುಪಯೋಗ.

ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಹೊಟ್ಟೆ ಹೇಗಿದೆ ಎಂದು ವಿಚಾರಿಸಿದೆ. ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಭಾರವೇನಾದರೂ ಅನ್ನಿಸುತ್ತಿದೆಯೇ ಎಂದೆ. ಇಲ್ಲವೆಂದರು. ಮೂರನೆಯ ಸಲ ಕೇಳಿದಾಗ ಅವರ ಕೈಯಲ್ಲಿದ್ದ ತುತ್ತು ಎಲೆಗೆ ವಾಪಸ್ಸು ಹೋಯಿತು.

"ಮೂರು ದಪ ಹೊಟ್ಟೆ ಹೆಂಗೈತೆ ಅಂತ ಕೇಳುದ್ರಿ," ಎಂದರು ಚಿಕ್ಕರಾಜು, ಇಡೀ ಪಂಕ್ತಿಗೆ ಕೇಳುವಂತೆ. "ನಾನು ಉಂಡಿದ್ದು ನಿಮಗೆ ಜಾಸ್ತಿ ಆಯ್ತಾ?"

ಎದ್ದೇಬಿಟ್ಟರು. ಅವರ ಹಿಂದೆ ಅವರ ತಮ್ಮ, ತಮ್ಮನ ಹಿಂದೆ ಒಂದು ಸಾಲು. ವ್ಯಾನ್ ತಿರುಗಿಸಲು ಯಾರೋ ಹೇಳಿದರು. ಮಾವನವರು ಟವಲ್ಲು ಕೈಗೆ ತೆಗೆದುಕೊಂಡು ಓಡಿಬಂದರು. ಬಾಗಿಲ ಬಳಿ ಅತ್ತೆ ದಾಸಮ್ಮನವರ ಪಕ್ಕ ನಿಂತಿದ್ದ ರಮ್ಯಳ ಕಣ್ಣು ತುಂಬಿಕೊಂಡಿತು. ಅದನ್ನು ನೋಡಿದಾಗ ಮಾತ್ರ ನನ್ನೊಳಗಿನ ವಿಜ್ಞಾನಿ ಒಂದು ಹೆಜ್ಜೆ ಹಿಂದೆ ಸರಿದು ಮನುಷ್ಯ ಮುಂದೆ ಬಂದ. ಎಲ್ಲರ ಎದುರು ಕೈಮುಗಿದು ನಿಜ ಹೇಳಿದೆ. ಅಣ್ಣಾ, ಅವಮಾನ ಮಾಡಲು ಕೇಳಿದ್ದಲ್ಲ, ನಿಮ್ಮ ಹೊಟ್ಟೆಯಲ್ಲಿ ನನ್ನ ಯಂತ್ರವಿದೆ.

ಸತ್ಯ ಹೇಳಿದರೆ ಹಗುರಾಗುತ್ತದೆ ಎಂದು ತಿಳಿದಿದ್ದೆ. ಮೊದಲ ಹಂಡೆಯ ಮುದ್ದೆ ಉಂಡಿದ್ದ ಮೂವತ್ತೆರಡು ಜನ ಒಟ್ಟಿಗೆ ಹೊಟ್ಟೆ ಹಿಡಿದುಕೊಂಡರು. ಒಬ್ಬರಿಗೆ ಅದು ಓಡಾಡಿದಂತಾಯಿತು. ಒಬ್ಬ ಅಜ್ಜಿಗೆ ಗಡಿಯಾರದ ಸದ್ದು ಕೇಳಿಸಿತು. ಚಿಕ್ಕರಾಜು ಕಲ್ಲಿನ ಮೇಲೆ ಕುಸಿದು ಕೂತು ಬನಿಯನ್ ಎತ್ತಿ ತಮ್ಮ ಹೊಟ್ಟೆಯನ್ನೇ ನೋಡತೊಡಗಿದರು.

ಆಗ ಶಿವಲಕ್ಷ್ಮಿ ತುಪ್ಪದ ಪಾತ್ರೆ ಕೆಳಗಿಟ್ಟು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಚಿಕ್ಕರಾಜು ಅವರ ಪಕ್ಕ ನಿಂತು, "ರೀ, ಆ ಹುಣಸೆಮರದ ಗಂಟ ಒಸಿ ನಡೀರಿ," ಎಂದಳು.

ಯಾಕೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಡೆದೆ. ಅವಳು ಗಟ್ಟಿಯಾಗಿ ಗೆರೆ ಎಣಿಸಿದಳು. ನಾಲ್ಕು. ಮೂರು. ಒಂದು. ಮರ ಮುಟ್ಟಿದಾಗ ಸಿಗ್ನಲ್ಲೇ ಇಲ್ಲ. ಈಗ ವಾಪಸ್ ಬನ್ನಿ ಎಂದಳು. ಒಂದು. ಮೂರು. ಅವರ ಮುಂದೆ ಬಂದು ನಿಂತಾಗ ನಾಲ್ಕು.

ಮೊದಲು ನಕ್ಕವರು ಹನುಮಂತಯ್ಯ. ಆಮೇಲೆ ಇಡೀ ಶಾಮಿಯಾನ ನಕ್ಕಿತು. ಹದಿನಾರು ವರ್ಷ ವಿದ್ಯಾರ್ಥಿಗಳಿಗೆ ಅಳತೆ ಮಾಡುವುದನ್ನು ಹೇಳಿಕೊಟ್ಟ ನನಗೆ, ಅಳೆಯುವವನ ಹೊಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಹೊಳೆದಿರಲಿಲ್ಲ. ಚಿಕ್ಕರಾಜು ಕಣ್ಣೊರೆಸಿಕೊಳ್ಳುತ್ತಾ ಮತ್ತೆ ಎಲೆಯ ಮುಂದೆ ಕೂತು, ಹನುಮಂತಯ್ಯನ ಹಂಡೆಯಿಂದ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನನಗೆ ಯಾರೂ ಏನೂ ಬಡಿಸಲಿಲ್ಲ. ಬೈಕನ್ನು ಮಾವನ ಮನೆಯಲ್ಲೇ ಬಿಟ್ಟು, ಶಿವಲಕ್ಷ್ಮಿ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಕನಕಪುರಕ್ಕೆ ಹೊರಟಳು.

ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ಕೆಹಕಶಾನ್. ಎಕ್ಸ್‌ರೇ ತೆಗೆಸಿದರು. ಗುಳಿಗೆ ಒಡೆಯದೆ ಕರುಳಿಗೆ ಇಳಿದಿದೆ, ತಾನಾಗಿ ಹೊರಗೆ ಹೋಗುತ್ತದೆ, ನಾಳಿದ್ದು ಬಂದು ಇನ್ನೊಂದು ಎಕ್ಸ್‌ರೇ ತೆಗೆಸಿ ಎಂದರು. ಜೀವಕ್ಕೆ ಅಪಾಯವಿಲ್ಲ ಎಂದು ಕೇಳಿದ್ದೇ ತಡ, ಸತ್ತಿದ್ದ ವಿಜ್ಞಾನಿ ನನ್ನೊಳಗೆ ಮತ್ತೆ ಎದ್ದು ಕೂತ. ಫೋನು ಚಾಚಿ, ಮನುಷ್ಯನ ಹೊಟ್ಟೆಯ ಬಿಸಿಯನ್ನು ಹೊರಗೆ ನಿಂತು ನೋಡುವ ಸಾಧನ, ಪ್ರಪಂಚದಲ್ಲೇ ಮೊದಲು, ಮುದ್ದೆಗೆ ಮಾಡಿದ್ದು ವೈದ್ಯಕೀಯಕ್ಕೆ ದಾರಿಯಾಯಿತು, ಪೇಟೆಂಟಿಗೆ ನಿಮ್ಮ ಒಂದು ಪತ್ರ ಸಿಕ್ಕರೆ ಅನುಕೂಲ ಎಂದು ಒಂದೇ ಉಸಿರಿಗೆ ಹೇಳಿದೆ.

ಡಾಕ್ಟರು ತಾಳ್ಮೆಯಿಂದ ಕೇಳಿ, "ಇಂಥ ಮಾತ್ರೆ ಬಂದು ತುಂಬಾ ವರ್ಷ ಆಯ್ತು," ಎಂದರು. "ಗಗನಯಾತ್ರಿಗಳು, ಆಟಗಾರರು ನುಂಗ್ತಾರೆ. ನಿಮ್ಮದರಲ್ಲಿ ಹೊಸದೇನಿದೆ?"

ಉತ್ತರ ಹೇಳಿದ್ದು ಶಿವಲಕ್ಷ್ಮಿ.

"ಹೊಸ್ದು ಐತೆ ಡಾಕ್ಟ್ರೇ. ಅವ್ರೆಲ್ಲ ಗೊತ್ತಿದ್ದು ನುಂಗ್ತಾರೆ."