ವರ್ಷತೊಡಕು ಮತ್ತು ಕೆಂಪು ಕುರ್ಚಿ

ಈ ಸಲದ ವರ್ಷತೊಡಕಿನ ದಿನ ನಾನು ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡುವುದಿಲ್ಲ ಎಂದು ಘೋಷಿಸಿದಾಗ ನಮ್ಮ ಮನೆಯ ಫ್ಯಾನು ಕೂಡ ಬೆರಗಾಗಿ ನಿಂತುಬಿಟ್ಟಿತು. ಕರೆಂಟು ಹೋಗಿತ್ತು, ಅದು ಬೇರೆ ವಿಷಯ. ಐತಿಹಾಸಿಕ ಘೋಷಣೆಗಳಿಗೆ ಅಂಥದ್ದೊಂದು ಮೌನ ಬೇಕು, ನೋಡಿ!

ಅದು ಯುಗಾದಿಯ ಸಂಜೆ. ಬೆಳಗಿನಿಂದ ನಾನು ತೋರಣ ಕಟ್ಟಿ, ಎಲ್ಲರ ಎಣ್ಣೆಸ್ನಾನಕ್ಕೆ ನೀರು ಕಾಯಿಸಿ, ಬೇವು ಬೆಲ್ಲ ಬೆರೆಸಿ, ಹೂರಣ ರುಬ್ಬಿ, ಒಬ್ಬಟ್ಟು ತಟ್ಟಿ, ಬೇಯಿಸಿ, ಬಡಿಸಿ, ಪಾತ್ರೆ ತೊಳೆದು ಹಬ್ಬ ಮಾಡಿದ್ದೆ. ನನ್ನ ಗಂಡ ಭೀಮರಾಜ್ ಕೂಡ ಸುಮ್ಮನೆ ಕೂತಿರಲಿಲ್ಲ. ಹೊಸ ಶರ್ಟು ತೊಟ್ಟು, ವಾಟ್ಸಾಪಿನಲ್ಲಿ ಸಿಕ್ಕವರಿಗೆಲ್ಲ ಶುಭಾಶಯ ಕಳಿಸಿ ಕಳಿಸಿ ಹೆಬ್ಬೆರಳು ನೋಯಿಸಿಕೊಂಡಿದ್ದರು.

ನಮ್ಮ ಹೊಸಕೋಟೆ ಕಡೆ ಯುಗಾದಿಯ ಮಾರನೆಯ ದಿನ ವರ್ಷತೊಡಕು. ಹಿಂದಿನ ದಿನ ಒಬ್ಬಟ್ಟು ಉಂಡ ಬಾಯಿಗೆ ಅಂದು ಬಾಡೂಟ. ಆ ದಿನ ಏನು ಮಾಡುತ್ತೇವೋ ಅದೇ ವರ್ಷವಿಡೀ ನಡೆಯುತ್ತದೆ ಎಂಬುದು ಹಿರಿಯರ ನಂಬಿಕೆ. ಹಾಗಾಗಿ ಅಂದು ಮಕ್ಕಳಿಗೆ ಏಟಿಲ್ಲ, ಯಾರ ಮನೆಯಲ್ಲೂ ಅಳು ಇಲ್ಲ.

ಈ ನಂಬಿಕೆಯ ಬಗ್ಗೆ ನಮ್ಮ ಅತ್ತೆ ಮುನಿವೆಂಕಟಮ್ಮನವರು ಆ ಸಂಜೆ ಹಾಲಿನ ದಿವಾನದ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ಯಾರಿಗೂ ಅಲ್ಲವೆಂಬಂತೆ ಒಂದು ಮಾತು ಹೇಳಿದರು.

"ಶಾಸ್ತ್ರ ಸುಳ್ಳಲ್ಲ ಕಣಮ್ಮ. ನಲವತ್ತು ವರ್ಷ ತೊಡಕಿನ ದಿನ ಒಲೆ ಮುಂದೆ ಕೂತಿದ್ದೆ. ಮಿಕ್ಕಿದ್ ದಿನಾನೂ ಅಲ್ಲೇ ಕೂತಿದ್ದೆ."

ನನ್ನ ತಲೆಯಲ್ಲಿ ಬಲ್ಬು ಹೊತ್ತಿತು! ಇಷ್ಟು ವರ್ಷ ನಾನು ಮಾಡಿದ ತಪ್ಪು ಇದೇ ಅಲ್ಲವೇ? ತೊಡಕಿನ ದಿನವಿಡೀ ಅಡುಗೆಮನೆಯಲ್ಲಿ ಬೆಂದು, ಮಾರನೆಯ ದಿನದಿಂದ ಬಿಡುವಿಲ್ಲ ಬಿಡುವಿಲ್ಲ ಎಂದು ಗೊಣಗಿದರೆ ಯಾವ ಶಾಸ್ತ್ರ ತಾನೇ ಕೇಳೀತು?

"ರೀ, ನಾಳೆ ಬಾಡು ನೀವೇ ಮಾಡಿ" ಎಂದೆ.

"ತರೋದು ನಾನೇ ಅಲ್ವಾ?"

"ತರೋದಲ್ಲ. ಮಾಡೋದು."

ಭೀಮರಾಜ್ ಮೊಬೈಲಿನಿಂದ ತಲೆ ಎತ್ತಿದರು. "ನೀನು?"

"ನಾನು ಕೂತಿರ್ತೀನಿ."

"ಎಲ್ಲಿ?"

"ಕುರ್ಚಿ ಮೇಲೆ."

"ಯಾಕೆ, ಸೊಂಟ ನೋವಾ?"

ಹೆಂಗಸು ಕೂರಬೇಕೆಂದರೆ ಮೊದಲು ಡಾಕ್ಟರ ಚೀಟಿ ತೋರಿಸಬೇಕು!

ವಾದವಾಯಿತು, ವಿವಾದವಾಯಿತು, ಕೊನೆಗೆ ಒಪ್ಪಂದವಾಯಿತು. ನಾಳೆ ಸಂಜೆ ದೇವರ ದೀಪ ಹಚ್ಚುವ ತನಕ ನಾನು ಅಡುಗೆಮನೆಗೆ ಕಾಲಿಡದಿದ್ದರೆ, ವರ್ಷಪೂರ್ತಿ ಭಾನುವಾರದ ಅಡುಗೆ ಭೀಮರಾಜರದು. ಕಾಲಿಟ್ಟೆನೋ, ಒಪ್ಪಂದ ರದ್ದು, ಎಲ್ಲ ಭಾನುವಾರಗಳೂ ಮೊದಲಿನಂತೆ ನನ್ನ ತಲೆಯ ಮೇಲೆ. ತೀರ್ಪು ಅತ್ತೆಯದು.

"ನಿನ್ ಕೈಲಾಗಲ್ಲ ಬಿಡು" ಎಂದು ಭೀಮರಾಜ್ ನಕ್ಕರು.

"ನೋಡೇಬಿಡೋಣ!" ಎಂದು ನಾನು ಗುಡುಗಿದೆ.

ಗುಡುಗಿದ್ದು ನಿಜ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ಮನುಷ್ಯ ಆಚೆ ಹೋದ ತಕ್ಷಣ ಅಡುಗೆಮನೆಗೆ ನುಗ್ಗಿ, ಕೊಬ್ಬರಿ, ಧನಿಯ, ಚಕ್ಕೆ, ಲವಂಗ, ಗಸಗಸೆ ಎಲ್ಲ ಹುರಿದು, ಮಾರನೆಯ ದಿನದ ಸಾರಿಗೆ ಖಾರ ರುಬ್ಬಿ, ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟುಬಿಟ್ಟೆ. ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಅತ್ತೆ ದಿವಾನದಿಂದಲೇ ಕತ್ತು ಚಾಚಿ ನೋಡಿದರು. "ಕಡ್ಡಿ ಎತ್ತಲ್ಲ ಅಂದೆ?"

"ಅದು ನಾಳೆಯಿಂದ ಅತ್ತೆ. ಇವತ್ತು ಇನ್ನೂ ಇವತ್ತೇ ತಾನೆ?"

"ಹೂಂ" ಎಂದು ಅವರು ಎಲೆ ಬಾಯಿಗಿಟ್ಟುಕೊಂಡರು.

ಮಾರನೆಯ ಬೆಳಿಗ್ಗೆ ಭೀಮರಾಜ್ ನಸುಕಿಗೇ ಎದ್ದು ಗುಡ್ಡೆ ಬಾಡು ತರಲು ಹೊರಟರು. ನಮ್ಮ ಬೀದಿಯವರೆಲ್ಲ ಸೇರಿ ಕುರಿ ತಂದು, ಕಡಿಸಿ, ಬಾಳೆಎಲೆಯ ಮೇಲೆ ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಇದು ಗಂಡಸರ ಕೆಲಸ. ಕುರಿ ಕಡಿಯುವವನು ಒಬ್ಬ, ಸುತ್ತ ನಿಂತು "ಆ ಗುಡ್ಡೆಗೆ ಒಂದ್ ಲಿವರ್ ಪೀಸ್ ಹಾಕಪ್ಪಾ" ಎನ್ನುವವರು ಹದಿನೈದು ಮಂದಿ. ಅಲ್ಲಿಂದ ಬಂದ ಭೀಮರಾಜ್ ಚೀಲವನ್ನು ಎತ್ತಿ ಹಿಡಿದ ರೀತಿ ನೋಡಿದರೆ ಯಾವುದೋ ಕೋಟೆ ಗೆದ್ದು ಬಂದಂತಿತ್ತು.

ನಾನು ಆಗಲೇ ಸಿಂಹಾಸನಾರೂಢಳಾಗಿದ್ದೆ. ಸಿಂಹಾಸನವೆಂದರೆ ನಮ್ಮ ಕೆಂಪು ಪ್ಲಾಸ್ಟಿಕ್ ಕುರ್ಚಿ, ಟಿವಿಯ ಮುಂದೆ. ಕಾಲಿಗೆ ಸ್ಟೂಲು. ಭೀಮರಾಜರೇ ಕಾಫಿ ತಂದುಕೊಟ್ಟರು. ದಿವಾನದ ಮೇಲಿದ್ದ ಅತ್ತೆಗೂ ಒಂದು ಲೋಟ. ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ಆದರೂ ಅಂಥ ಸಿಹಿ ಕಾಫಿಯನ್ನು ನಾನು ಜೀವಮಾನದಲ್ಲಿ ಕುಡಿದಿಲ್ಲ!

"ಅಂದ್ಹಾಗೆ" ಎಂದರು ಭೀಮರಾಜ್ ಲೋಟ ಎತ್ತಿಕೊಳ್ಳುತ್ತ, "ಉಮಾಶಂಕರ್‌ನ ಊಟಕ್ಕೆ ಕರ್ದಿದ್ದೀನಿ. ಹೆಂಡ್ತಿನೂ ಬರ್ತಾರೆ."

ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಇವರೊಂದಿಗೆ ಕೆಲಸ ಮಾಡುವ ಉಮಾಶಂಕರ್! ತಟ್ಟೆಯಲ್ಲಿ ಉಪ್ಪು ಹೆಚ್ಚಾದರೆ ಮಾರನೆಯ ಶಿಫ್ಟಿಗೆಲ್ಲ ಸುದ್ದಿ ಮುಟ್ಟಿಸುವ ಆಸಾಮಿ. ಗಂಡನ ಕುತಂತ್ರ ನನಗೆ ತಕ್ಷಣ ಅರ್ಥವಾಯಿತು. ಮನೆಯ ಮರ್ಯಾದೆ ಬೀದಿಗೆ ಬರುತ್ತದೆಂದು ಹೆದರಿ ನಾನೇ ಎದ್ದು ಒಳಗೆ ಓಡಬೇಕು!

"ಬರ್ಲಿ. ಚೆನ್ನಾಗಿ ಮಾಡಿ ಬಡಿಸಿ" ಎಂದು ಸ್ಟೂಲಿನ ಮೇಲೆ ಕಾಲು ಅದಲುಬದಲು ಮಾಡಿದೆ.

ಯುದ್ಧ ಆರಂಭವಾಯಿತು.

"ರೂಪಾ, ಅರಿಶಿನ ಎಲ್ಲಿದೆ?"

"ಇಷ್ಟು ವರ್ಷ ಇದ್ದಲ್ಲೇ."

"ಇಷ್ಟು ವರ್ಷ ಎಲ್ಲಿತ್ತು?"

"ರೂಪಾ, ದೊಡ್ಡ ಕುಕ್ಕರ್ ಮುಚ್ಚಳ ಯಾವ್ದು?"

"ಕುಕ್ಕರ್‌ಗೆ ಸರಿಯಾಗಿ ಕೂರೋದು!"

"ರೂಪಾ, ಈರುಳ್ಳಿ ಕೆಂಪಗಾಗ್ಬೇಕು ಅಂದ್ರೆ ಎಷ್ಟು ಕೆಂಪು?"

ಟಿವಿಯಲ್ಲಿ ಯಾರು ಅತ್ತರೋ ಯಾರು ನಕ್ಕರೋ ನನಗೆ ತಿಳಿಯಲಿಲ್ಲ. ಕೂಗಿ ಕೂಗಿ ಗಂಟಲು ಒಣಗಿತು. ಸ್ವಲ್ಪ ಹತ್ತಿರವಿದ್ದರೆ ಗಂಟಲಿಗೆ ಆರಾಮ ಎಂದು ಕುರ್ಚಿಯನ್ನು ಊಟದ ಮೇಜಿನ ಬಳಿಗೆ ಎಳೆದುಕೊಂಡೆ.

"ಕುರ್ಚಿ ಜರಗ್ತಾ ಐತೆ" ಎಂದರು ಅತ್ತೆ.

"ಕುರ್ಚಿ ಜರುಗಬಾರ್ದು ಅಂತ ಒಪ್ಪಂದದಲ್ಲಿ ಇಲ್ಲ ಅತ್ತೆ."

"ಇಲ್ಲ, ಇಲ್ಲ. ನಾನೇನ್ ಅಂದೆ ಈಗ?"

ಅಷ್ಟರಲ್ಲಿ ಒಳಗಿಂದ ಆರ್ತನಾದ. "ರೂಪಾ! ಖಾರ ರುಬ್ಬೋದು ಹೆಂಗೆ? ಕೊಬ್ಬರಿ ಎಷ್ಟು? ಧನಿಯ ಎಷ್ಟು?"

ಇಂಥ ಗಳಿಗೆಗೆಂದೇ ಅಲ್ಲವೇ ನಾನು ಹಿಂದಿನ ಸಂಜೆ ಬೆವರು ಸುರಿಸಿದ್ದು? ಮಹಾರಾಣಿಯಂತೆ ಕೈ ಬೀಸಿದೆ. "ಫ್ರಿಜ್ಜಲ್ಲಿ ಸ್ಟೀಲ್ ಡಬ್ಬಿ ಇದೆ. ಅದ್ರಲ್ಲಿರೋದನ್ನ ಹಾಕಿ."

"ಕೆಳಗಡೆ ಇರೋದಾ?"

ನಾನು ತಿರುಗಿ ನೋಡಬೇಕಿತ್ತು. ನೋಡಲಿಲ್ಲ. ಆರಾಮವಾಗಿ ಕೂತವರು ಕತ್ತು ತಿರುಗಿಸುವುದಿಲ್ಲ ಎಂಬ ಹಮ್ಮು! "ಹೂಂರೀ, ಅದೇ" ಎಂದೆ.

ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಭೀಮರಾಜ್ ಬಾಗಿಲಿಗೆ ಬಂದು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇಷ್ಟೇನಾ? ಇದಕ್ಕಾ ನೀನು ದಿನಾ ಅಷ್ಟು ಆರ್ಭಟ ಮಾಡೋದು?" ಎಂದರು. ನಾನು ಹಲ್ಲು ಕಚ್ಚಿಕೊಂಡೆ.

ಆಗ ವಾಸನೆ ಬಂತು.

ಮಟನ್ ಸಾರಿನ ವಾಸನೆ ಬೀದಿ ತುದಿಗೂ ಗೊತ್ತಾಗುವಂಥದ್ದು. ಆದರೆ ಇದು ಬೇರೆ. ಏಲಕ್ಕಿ ಘಮಘಮ! ಬೆಲ್ಲ ಕಾದ ಘಮ! ಅದರ ನಡುವೆ ದಿಕ್ಕು ತಪ್ಪಿದ ಕುರಿ!

ಅತ್ತೆ ಮೂಗರಳಿಸಿದರು. "ಏನಮ್ಮಾ ಇದು, ನಿನ್ನೆ ಹಬ್ಬ ಇನ್ನೂ ಮುಗ್ದಿಲ್ವಾ?"

ನಮ್ಮ ಮದುವೆಗೆ ಬಂದ ಸ್ಟೀಲ್ ಡಬ್ಬಿಗಳು ಜೋಡಿ. ಒಂದರಲ್ಲಿ ಖಾರ ತುಂಬಿದ್ದೆ, ಸರಿ. ಇನ್ನೊಂದರಲ್ಲಿ? ಒಬ್ಬಟ್ಟಿಗೆ ರುಬ್ಬಿ ಮಿಕ್ಕಿದ ಹೂರಣ! ಖಾರ ಮೇಲಿನ ಖಾನೆಯಲ್ಲಿ, ಹೂರಣ ಕೆಳಗಿನ ಖಾನೆಯಲ್ಲಿ!

"ರೀ! ಹಾಕಿದ್ದು ರುಚಿ ನೋಡಿದ್ರಾ?"

"ಹಸಿ ಖಾರ ಯಾರಾದ್ರೂ ನೆಕ್ತಾರಾ?"

"ಬಣ್ಣ ನೋಡಿದ್ರಾ?"

"ಕಂದು ಬಣ್ಣ ಇತ್ತು. ಖಾರನೂ ಕಂದು ಅಲ್ವಾ?"

ಈ ಮನುಷ್ಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್! ಕಬ್ಬಿಣದ ತುಂಡಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದು ಆಚೆ ಎಸೆಯುವ ಹದ್ದಿನ ಕಣ್ಣು. ಆ ಕಣ್ಣು ಮನೆಯ ಫ್ರಿಜ್ಜಿನ ಮುಂದೆ ನಿಂತರೆ ಮಾತ್ರ ಮಂಜು ಕವಿಯುತ್ತದೆ.

ಕುಕ್ಕರ್ ತೆರೆದರು. ಒಂದು ಸೌಟು ಬಾಯಿಗಿಟ್ಟುಕೊಂಡರು. ಮುಖ ಮಗುವಿನಂತಾಯಿತು. "ರೂಪಾ... ಪಾಯಸ ಆಗೋಗಿದೆ ಕಣೆ."

ಅದೇ ಹೊತ್ತಿಗೆ ಅವರ ಮೊಬೈಲ್ ಬಡಿದುಕೊಂಡಿತು. ಉಮಾಶಂಕರ್ ಮನೆ ಬಿಟ್ಟಾಯಿತಂತೆ.

ಕುರ್ಚಿ ಎಳೆದ ಸದ್ದು ನನಗೆ ಕೇಳಲಿಲ್ಲ. ನೋಡುವಷ್ಟರಲ್ಲಿ ನಾನೂ ನನ್ನ ಕೆಂಪು ಕುರ್ಚಿಯೂ ಅಡುಗೆಮನೆಯ ಹೊಸಿಲಿಗೆ ಕಾಲು ತಾಗಿಸಿ ನಿಂತಿದ್ದೆವು. ಒಳಗೆ ನನ್ನ ಒಲೆ, ನನ್ನ ಸೌಟು, ನನ್ನ ಗೋಳಾಡುವ ಗಂಡ. ಹೊಸಿಲಿನ ಮೇಲೆ ಸಾಲಾಗಿ ಕೂತ ಒಂದು ವರ್ಷದ ಭಾನುವಾರಗಳು.

"ರೂಪಾ, ಒಂದೇ ನಿಮಿಷ ಬಾ. ಅಮ್ಮ ನೋಡಲ್ಲ."

"ನೋಡ್ತಾ ಇದ್ದೀನಿ" ಎಂದರು ಅತ್ತೆ ದಿವಾನದಿಂದ.

ನಾನು ಬಲಗೈಯಿಂದ ಬಾಗಿಲುವಾಡ ಹಿಡಿದು, ಎರಡೂ ಪಾದ ಹೊಸಿಲಿನ ಹೊರಗೇ ಊರಿ, ಸೊಂಟದಿಂದ ಮೇಲಿನ ದೇಹವನ್ನೆಲ್ಲ ಒಳಕ್ಕೆ ಬಗ್ಗಿಸಿದೆ. ಬಾವಲಿ ಕೂಡ ಇಷ್ಟು ಕಷ್ಟಪಟ್ಟು ನೇತಾಡುವುದಿಲ್ಲ!

"ಅತ್ತೆ, ಕಾಲು ಆಚೆ ಇದೆ!"

"ಕಾಲು ಆಚೆ ಐತೆ" ಎಂದು ತೀರ್ಪು ಬಂತು. "ತಲೆ ಮಾತ್ರ ಒಳಗೈತೆ. ಅದು ಯಾವಾಗ್ಲೂ ಅಲ್ಲೇ ಇರುತ್ತೆ ಬಿಡು."

"ಪೀಸ್ ಎಲ್ಲಾ ಎತ್ತಿ ತಟ್ಟೆಗೆ ಹಾಕಿ! ಬಿಸಿನೀರಲ್ಲಿ ತೊಳೀರಿ! ರೀ, ಸೋಪ್ ಬೇಡ! ಇನ್ನೊಂದು ಪಾತ್ರೆ ಇಡಿ! ಮೇಲಿನ ಖಾನೆ ಡಬ್ಬಿ! ಮೇಲಿಂದು! ಮುಚ್ಚಳ ತೆಗೆದು ಮೂಸಿ ನೋಡಿ! ಎಲ್ಲಾ ಸುರೀಬೇಡಿ, ಅರ್ಧ ಸಾಕು!"

ಭೀಮರಾಜ್ ಪಾತ್ರೆಯಿಂದ ಪಾತ್ರೆಗೆ ಹಾರಿದರು. ನಾನು ನಾಲಗೆ ಚಾಚಿದೆ, ಅವರು ಸೌಟು ತಂದು ಅದರ ಮೇಲೆ ಸುರಿದರು. ಉಪ್ಪು ಹಾಕಿಸಿದೆ. ಹುಳಿ ಹಿಂಡಿಸಿದೆ. ಮುದ್ದೆಗೆ ಎಸರಿಡಿಸಿ, ಹಿಟ್ಟು ಸುರಿಸಿ, "ಕೋಲು ತಿರುಗ್ಸಿ, ಇನ್ನೂ ತಿರುಗ್ಸಿ, ಗಂಟು ಆಗುತ್ತೆ, ಬಿಡಬೇಡಿ!" ಎಂದು ಅರಚಿದೆ. ಅವರ ಹೊಸ ಶರ್ಟಿನ ಮೇಲೆ ರಾಗಿ, ಅರಿಶಿನ, ಹೂರಣ ಮೂರೂ ಸೇರಿ ಬಾವುಟವಾಯಿತು. ಗೇಟು ಕಿರುಗುಟ್ಟುವ ಹೊತ್ತಿಗೆ ಒಲೆಯ ಮೇಲೆ ನಿಜವಾದ ಮಟನ್ ಸಾರು ಕೊತಕೊತ ಕುದಿಯುತ್ತಿತ್ತು. ನನ್ನ ಪಾದಗಳು ಇನ್ನೂ ಆಚೆಯೇ ಇದ್ದವು!

ಉಮಾಶಂಕರ್ ಮತ್ತು ಅವರ ಹೆಂಡತಿ ಪ್ರಮೋದಾ ಊಟಕ್ಕೆ ಕೂತರು. ಬಡಿಸಿದ್ದೂ ಭೀಮರಾಜರೇ. ದಿವಾನದ ಮೇಲಿನ ಅತ್ತೆಗೆ ತಟ್ಟೆ ಅಲ್ಲಿಗೇ ಹೋಯಿತು. ಉಮಾಶಂಕರ್ ಮುದ್ದೆ ಮುರಿದು, ಸಾರಿಗದ್ದಿ, ನುಂಗಿದರು.

"ಗುರು! ಏನ್ ಸಾರು ಗುರು ಇದು! ಖಾರದ ಹಿಂದೆ ಒಂಚೂರು ಏನೋ ಸಿಹಿ ಬರುತ್ತಲ್ಲ... ಅದೇನು?"

"ಅದು ನಮ್ಮನೆ ಸೀಕ್ರೆಟ್" ಎಂದರು ಭೀಮರಾಜ್.

"ಅಕ್ಕಾ, ನೀವು ಪುಣ್ಯ ಮಾಡಿದ್ರಿ!" ಪ್ರಮೋದಾ ನನ್ನ ಕಡೆ ತಿರುಗಿ ಕಣ್ಣರಳಿಸಿದರು. "ನಮ್ಮನೇಲಿ ಇವ್ರಿಗೆ ನೀರು ಕೂಡ ನಾನೇ ಬಗ್ಗಿಸ್ಕೊಡ್ಬೇಕು."

ನಾನು ನಕ್ಕೆ. ಇಷ್ಟು ವರ್ಷ ಇದೇ ಮೇಜಿನ ಮೇಲೆ ನಾನು ಬಡಿಸಿದ ಸಾರಿಗೆ ಇದೇ ಉಮಾಶಂಕರ್ ಕೊಟ್ಟ ಬಿರುದೆಂದರೆ "ಪರ್ವಾಗಿಲ್ಲ, ಉಪ್ಪು ಒಂಚೂರು ಮುಂದು" ಎಂಬುದು. ಭೀಮರಾಜರಿಗೆ ಯಾರೂ ಪುಣ್ಯ ಮಾಡಿದ್ದೀರಿ ಎಂದಿರಲಿಲ್ಲ. ಇರಲಿ, ಭಾನುವಾರಗಳಿಗೋಸ್ಕರ ಇದನ್ನೂ ನುಂಗಿದೆ. ಸಂಜೆಯವರೆಗೆ ಇನ್ನೇನು, ತಡೆದರಾಯಿತು.

ಆಗ ಪ್ರಮೋದಾ ಕೇಳಿದರು. "ಅಣ್ಣಾ, ಖಾರ ಹೆಂಗ್ ರುಬ್ಬಿದ್ರಿ? ನಂಗೂ ಹೇಳ್ಕೊಡಿ."

ಭೀಮರಾಜ್ ಮೀಸೆಯ ಮೇಲೆ ಕೈಯಾಡಿಸಿದರು. ಕಣ್ಣು ಅರ್ಧ ಮುಚ್ಚಿದರು. "ಅದೆಲ್ಲಾ ಕೈ ಅಳತೆ ತಂಗಿ" ಎಂದರು. "ಹೇಳಿದ್ರೆ ಬರಲ್ಲ."

ಕೈ ಅಳತೆ! ಯಾರ ಕೈ?

"ಆ ಖಾರ ನಾನು ರುಬ್ಬಿದ್ದು!" ನಾನು ಕುರ್ಚಿಯಿಂದ ಚಿಮ್ಮಿದೆ. "ನಿನ್ನೆ ಸಂಜೆ! ಈ ಕೈಯಲ್ಲಿ! ಬೇಕಾದ್ರೆ ಮಿಕ್ಕಿದ ಅರ್ಧ ಡಬ್ಬಿ ತೋರಿಸ್ತೀನಿ, ಇರಿ!" ಗಾಳಿಯಂತೆ ಹೋದೆ, ಫ್ರಿಜ್ ತೆರೆದೆ, ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ತಿರುಗಿದೆ. "ನೋಡಿ! ಸಾಕ್ಷಿ!"

ಗಂಡನೂ ಅತ್ತೆಯೂ ನನ್ನ ಕೈಯನ್ನು ಬಿಟ್ಟು ಕಾಲನ್ನು ನೋಡುತ್ತಿದ್ದರು. ನಾನೂ ನೋಡಿಕೊಂಡೆ. ಎರಡೂ ಪಾದಗಳು ಅಡುಗೆಮನೆಯ ನಟ್ಟನಡುವೆ ಇದ್ದವು.

"ಔಟ್!" ಎಂದು ಭೀಮರಾಜ್ ಸೌಟು ಎತ್ತಿದರು.

"ಅತ್ತೆ! ನ್ಯಾಯ ನೀವೇ ಹೇಳಿ" ಎಂದೆ, ಡಬ್ಬಿಯನ್ನು ಎದೆಗವಚಿಕೊಂಡು.

ಅತ್ತೆ ನಿಧಾನವಾಗಿ ಮೂಳೆ ಚೀಪಿ ತಟ್ಟೆಯ ಅಂಚಿಗಿಟ್ಟರು. "ಶಾಸ್ತ್ರ ಸುಳ್ಳಲ್ಲ ಅಂದಿದ್ನಲ್ಲ ಕಣಮ್ಮ. ಇವ್ನು ದಿನವೆಲ್ಲ ಬೈಸ್ಕೊಂಡ, ಇನ್ನು ವರ್ಷವೆಲ್ಲ ಬೈಸ್ಕೊಳ್ತಾನೆ. ನೀನು ಕುರ್ಚಿ ಮೇಲೆ ಕೂತೂ ಅಡುಗೆಮನೆ ಬಿಟ್ಟು ಬರ್ಲಿಲ್ಲ."

"ಮತ್ತೆ ನೀವು?"

"ನಾನಾ?" ಎಂದು ಅವರು ದಿವಾನದ ಮೇಲೆ ಕಾಲು ನೀಡಿದರು. ಆಗಷ್ಟೇ ನನಗೆ ಹೊಳೆಯಿತು. ಬೆಳಗಿನ ಕಾಫಿ ಅಲ್ಲಿಗೇ ಹೋಗಿತ್ತು. ಊಟದ ತಟ್ಟೆಯೂ ಅಲ್ಲಿಗೇ. ಘೋಷಣೆಯಿಲ್ಲ, ಒಪ್ಪಂದವಿಲ್ಲ, ಮುದುಕಿ ಕೂತಲ್ಲಿಂದ ಅಲುಗಿರಲಿಲ್ಲ!

"ನಂಗೆ ಈ ವರ್ಷ ಬಲೇ ಚೆನ್ನಾಗೈತೆ" ಎಂದರು ಮುನಿವೆಂಕಟಮ್ಮನವರು, ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚುತ್ತ. "ಹೆಂಗೂ ಒಳಗೇ ಇದ್ದೀಯಲ್ಲ, ಬರ್ತಾ ಒಂದು ಸೌಟು ಸಾರು ಹಾಕ್ಕೊಂಡ್ ಬಾ. ಪೀಸ್ ನೋಡಿ ಹಾಕು."