ಪಾಗಾರದ ಈಚೆಯ ವಾಲಿಬಾಲ್

ನನ್ನ ಅತ್ತೆ ಜೀವಮಾನದಲ್ಲಿ ಒಮ್ಮೆ ಮಾತ್ರ ವಾಲಿಬಾಲ್ ಚೆಂಡನ್ನು ಮುಟ್ಟಿದವರು. ಅದೂ ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳದ ಮೇಲೆ ಅದು ಬಂದು ಬಿದ್ದಾಗ! ಆದರೂ ನಮ್ಮೂರಿನ ತಂಡ ಗೆದ್ದದ್ದೆಲ್ಲ ಅವರ ಬುದ್ಧಿಯಿಂದ, ಸೋತದ್ದೆಲ್ಲ ಅವರ ಮಾತು ಕೇಳದೆ ಇದ್ದದ್ದರಿಂದ. ಇದು ನನ್ನ ಅಭಿಪ್ರಾಯವಲ್ಲ, ಅವರದೇ.

ಮಕ್ಕಳೇ, ಟಿ.ವಿ.ಯಲ್ಲಿ ಕ್ರಿಕೆಟ್ ಬರುವಾಗ ನಾನು ಪಕ್ಕದಲ್ಲಿ ಕೂತು "ಹೊಡೆದ, ಓಡಿದ, ಅಯ್ಯೋ ಬಿಟ್ಟ" ಎಂದು ಹೇಳುತ್ತಾ ಇರುತ್ತೇನೆ. ನೀವು "ಅಜ್ಜೀ, ನಮಗೂ ಕಾಣ್ತದೆ!" ಎಂದು ಗದರಿಸುತ್ತೀರಿ. ನನ್ನ ಈ ಕಾಯಿಲೆಗೆ ಕಾರಣ ನಿಮ್ಮ ಅಜ್ಜನ ತಾಯಿ. ಅವರನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ತುಳು ಮನೆಗಳಲ್ಲಿ ಅತ್ತೆಯನ್ನು ಹಾಗೆಯೇ ಕರೆಯುವುದು. ಕರೆಯುತ್ತಿದ್ದೆ ಎಂದೆನೇ? ಸುಳ್ಳು. ಮದುವೆಯಾಗಿ ಬಹಳ ದಿನ ನಾನು ಅವರನ್ನು ಏನೂ ಕರೆಯಲಿಲ್ಲ. ಬೇಕಾದಾಗ ಅವರ ಎದುರು ಹೋಗಿ ನಿಲ್ಲುತ್ತಿದ್ದೆ, ಕಂಬದ ಹಾಗೆ.

ನಾನು ಕಾರ್ಕಳದ ಕಡೆಯ ಒಂದು ಹಳ್ಳಿಯವಳು. ಓದಿದ್ದು ಊರಿನ ಶಾಲೆಯಲ್ಲಿ. ಅಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಅಳುತ್ತಿದ್ದ ಹುಡುಗಿ ನಾನೊಬ್ಬಳೇ. ಮದುವೆಯ ದಿನ ನನ್ನ ಅಮ್ಮ ಕಣ್ಣೀರು ಹಾಕಿದ್ದು ಮಗಳು ದೂರವಾಗುತ್ತಾಳೆಂದಲ್ಲ. "ಬಾಯಿ ಬಿಡದಿದ್ದರೆ ಆ ಮನೆಯಲ್ಲಿ ಹೇಗೆ ಬದುಕುತ್ತೀಯೇ?" ಎಂಬುದೇ ಅವಳ ಚಿಂತೆ. ಚಿಂತೆ ಸುಳ್ಳಾಗಲಿಲ್ಲ. ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿದ್ದ ಗಂಡನ ಮನೆಗೆ ಬಂದು ಒಂದು ತಿಂಗಳಾದರೂ ನನ್ನ ಸ್ವರ ಹೇಗಿದೆ ಎಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೀನು ಮಾರುವ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಮಾಮಿಗೆ ಹೇಳಿದ್ದಳು: "ಸೊಸೆ ನೋಡಲಿಕ್ಕೆ ಚಂದ ಉಂಟು. ಪಾಪ, ಮಾತು ಬರುವುದಿಲ್ಲ ಅಲ್ವಾ?" ಬರುತ್ತದೆ ಎಂದು ಹೇಳಲಿಕ್ಕಾದರೂ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ! ಅಂದಿನಿಂದ ಅವಳು ಬಂದಾಗಲೆಲ್ಲ ಕನಿಕರದಿಂದ ನನಗಾಗಿ ಎರಡು ಬಂಗುಡೆ ಹೆಚ್ಚು ಹಾಕಿ ಹೋಗುತ್ತಿದ್ದಳು.

ಊಟದಲ್ಲೂ ಅದೇ ಕತೆ. ಎರಡನೆಯ ಸಲ ಅನ್ನ ಕೇಳಲು ನಾಚಿಕೆ. ಕೈತೊಳೆದು, ಹಿಂದಿನ ಬಾಗಿಲಲ್ಲಿ ದನಕ್ಕೆಂದು ಇಟ್ಟ ಗಂಜಿತೆಳಿಯಲ್ಲಿ ಒಂದು ಲೋಟ ಕುಡಿದು ಬರುತ್ತಿದ್ದೆ. ಆ ಮನೆಯಲ್ಲಿ ನನ್ನ ಮೊದಲ ಸ್ನೇಹಿತೆ ಆ ದನವೇ. ಪಾಪ, ಅದು ಯಾರಿಗೂ ಹೇಳಲಿಲ್ಲ.

ಈಗ ವಾಲಿಬಾಲಿಗೆ ಬರುತ್ತೇನೆ. ನಮ್ಮ ಮನೆಯ ಪಾಗಾರದ, ಅಂದರೆ ಕಾಂಪೌಂಡು ಗೋಡೆಯ, ಆಚೆಗೆ ಗದ್ದೆ. ಕೊಯ್ಲು ಮುಗಿದ ಮೇಲೆ ಅಲ್ಲಿ ಬಲೆ ಕಟ್ಟಿ ಊರಿನ ಯುವಕ ಮಂಡಲದವರು ಸಂಜೆ ಸಂಜೆ ಆಡುತ್ತಿದ್ದರು. ಅವರ ಮಂಡಲದ ಕೋಣೆ ನಮ್ಮ ದನದ ಹಟ್ಟಿಗೆ ತಾಗಿಕೊಂಡೇ ಇತ್ತು. ಮಾಮಿ ಹಾಲು ಕರೆಯುವಾಗ ಕಿವಿ ಅತ್ತ ಇರುತ್ತಿತ್ತು. ದನ ಒದೆಯುತ್ತಿದ್ದದ್ದು ಅದಕ್ಕೇ ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು.

ಮಾಮಿಯದ್ದು ಒಂದು ಸಿದ್ಧಾಂತ: "ಆಟವನ್ನು ಗದ್ದೆಯಲ್ಲಿ ಗೆಲ್ಲುವುದಲ್ಲ, ಆ ಕೋಣೆಯಲ್ಲಿ ಗೆಲ್ಲುವುದು. ಒಳಗೆ ನಗು ಕೇಳಿದರೆ ಗೆದ್ದರು ಅಂತ ಲೆಕ್ಕ. ಕೇರಂ ಬೋರ್ಡಿನ ಸದ್ದು ಮಾತ್ರ ಕೇಳಿದರೆ ಆಯಿತು, ಎಲ್ಲ ಮುಖ ಊದಿಸಿಕೊಂಡು ಕೂತಿದ್ದಾರೆ, ಸೋತೇ ಸೋತರು."

ಬೆಳಿಗ್ಗೆ ಮನೆಯ ಚಾವಡಿಯಲ್ಲಿ ಮಲ್ಲಿಗೆ ಕಟ್ಟುವ ಹೊತ್ತು ಈ ಸಿದ್ಧಾಂತದ ಚರ್ಚೆಯ ಹೊತ್ತು. ಪಕ್ಕದ ಮನೆಯ ಸಿಸಿಲಿ ಬಾಯಮ್ಮ ತಮ್ಮ ಮೊಗ್ಗಿನ ಬುಟ್ಟಿಯನ್ನೂ ಎತ್ತಿಕೊಂಡು ಬರುತ್ತಿದ್ದರು. ಅವರ ತಂಗಿಯ ಮಗ ಶಿರ್ವದ ತಂಡದಲ್ಲಿ ಆಡುವವನು. ಅಂದ ಮೇಲೆ ಕೇಳಬೇಕೇ?

"ನಿಮ್ಮ ಲಿಫ್ಟರ್ ಚೆಂಡು ಎತ್ತಿ ಕೊಡುವುದು ನೋಡಿದರೆ, ದೇವರಿಗೆ ಆರತಿ ಎತ್ತಿದ ಹಾಗೆ ಉಂಟು ಮಾರಾಯ್ರೆ. ಅಷ್ಟು ನಿಧಾನ!" ಎಂದು ಬಾಯಮ್ಮ.

"ನಿಧಾನ ಅಲ್ಲ ಬಾಯಮ್ಮ, ಹದ. ನಿಮ್ಮವರಿಗೆ ಹದ ಅಂದರೆ ಎಂತ ಗೊತ್ತು? ಮೊನ್ನೆ ನೀವು ಹಿಟ್ಟು ಉಬ್ಬುವ ಮೊದಲೇ ಬೇಯಿಸಿ ಕೊಟ್ಟ ಸನ್ನಣ ಇನ್ನೂ ನನ್ನ ಗಂಟಲಲ್ಲಿ ಉಂಟು."

ಇಬ್ಬರ ಕೈಯೂ ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಲೇ ಇರುತ್ತಿತ್ತು. ಜಗಳ ಜೋರಾದ ದಿನ ಹೂವಿನ ಕಟ್ಟು ಗಟ್ಟಿಯಾಗಿರುತ್ತಿತ್ತು. ನಾನು ನಡುವೆ ಕೂತು ಮೊಗ್ಗು ಆರಿಸಿ ಕೊಡುವವಳು. ಒಂದು ಕಂದಿದ ಮೊಗ್ಗು ನನ್ನ ಕೈಯಿಂದ ಹೋದರೆ ಮಾಮಿ ಬೆರಳಲ್ಲೇ ಪತ್ತೆ ಹಚ್ಚಿ ಹೊರಗೆ ಎಸೆಯುತ್ತಿದ್ದರು.

ಒಂದು ಸಂಜೆ ಮಾಮಿ ಪಾಗಾರದ ಹತ್ತಿರ ಮಣೆ ಹಾಕಿ, ಗುಡಿಸುವ ಹಿಡಿಸೂಡಿಗೆ ತೆಂಗಿನ ಗರಿಯ ಕಡ್ಡಿ ಹೆರೆಯುತ್ತಾ ಕೂತು ನನ್ನನ್ನು ಕರೆದರು. "ಬಾ ಇಲ್ಲಿ. ನನ್ನ ಕಣ್ಣಿಗೆ ದೂರದ್ದು ಎಲ್ಲ ಹೊಗೆ ಹೊಗೆ. ನೀನು ನಿಂತು ನೋಡಿ ಹೇಳು, ಎಂತ ಆಗ್ತಾ ಉಂಟು ಅಂತ."

ನಾನು! ಹೇಳುವುದು! ಆದರೆ ಕಣ್ಣು ಕಾಣದ ಹಿರಿಯರು ಕೇಳಿದರೆ ಇಲ್ಲ ಎನ್ನಲಾಗುತ್ತದೆಯೇ? ಇಲ್ಲ ಎನ್ನಬೇಕಾದರೂ ಬಾಯಿ ಬಿಡಬೇಕಲ್ಲ. ಹಾಗಾಗಿ ಪಾಗಾರಕ್ಕೆ ಮೂಗು ತಾಗಿಸಿ ನಿಂತೆ.

"ಒಬ್ಬ ಹೊಡೆದ," ಎಂದೆ. ಆ ಮನೆಯಲ್ಲಿ ನಾನು ಆಡಿದ ಮೊದಲ ಪೂರ್ಣ ವಾಕ್ಯ ಅದು.

"ಯಾರು?"

"ಬನಿಯನ್ ಹಾಕಿದವನು."

"ಎಲ್ಲರೂ ಬನಿಯನ್ನೇ ಹಾಕಿದ್ದು ಮಾರಾಯ್ತಿ! ಉದ್ದದವನಾ, ಗಿಡ್ಡದವನಾ?"

"ಉದ್ದ."

"ಹಾಗಾದರೆ ನಮ್ಮ ಸ್ಮ್ಯಾಷರ್. ಈಗ?"

"ಈಗ... ಆಚೆಯವರು ಈಚೆಗೆ ಎಸೆದರು. ಇವರು ಪುನಃ ಆಚೆಗೆ ಎಸೆದರು." ಸ್ವಲ್ಪ ಹೊತ್ತು ನೋಡಿ ನನಗೆ ನಿಜವಾಗಿಯೂ ಸಂಶಯ ಬಂತು. "ಮಾಮಿ, ಯಾರಿಗೂ ಬೇಡದ ಚೆಂಡನ್ನು ಯಾಕೆ ದುಡ್ಡು ಕೊಟ್ಟು ತಂದದ್ದು?"

ಮಾಮಿ ಕಡ್ಡಿ ಕೆಳಗಿಟ್ಟು ನಕ್ಕದ್ದು ಕೇಳಿ ಗದ್ದೆಯಲ್ಲಿ ಆಟವೇ ನಿಂತಿತು. ಮರುದಿನ ಬಾಯಮ್ಮನಿಗೆ, ಮೀನಿನವಳಿಗೆ, ಹಾಲಿಗೆ ಬಂದವರಿಗೆ, ಎಲ್ಲರಿಗೂ ನನ್ನ ಪ್ರಶ್ನೆಯನ್ನು ಹೇಳಿದ್ದೇ ಹೇಳಿದ್ದು. ಮೀನಿನವಳಿಗೆ ಮಾತ್ರ ಬೇಸರವಾಯಿತು. ಎರಡು ಬಂಗುಡೆ ಅಂದಿನಿಂದ ನಿಂತುಹೋಯಿತು.

ದಿನಾ ಸಂಜೆ ಇದೇ ಕೆಲಸವಾಯಿತು. ಮೊದಲು ಪಿಸುಮಾತಿನಲ್ಲಿ ಹೇಳುತ್ತಿದ್ದೆ. "ಕಣ್ಣಿನ ಜೊತೆಗೆ ಕಿವಿಯೂ ಮಂದ ಆಗ್ತಾ ಉಂಟು, ಸ್ವಲ್ಪ ಗಟ್ಟಿ ಹೇಳು," ಎಂದರು ಮಾಮಿ. ಗಟ್ಟಿ ಹೇಳತೊಡಗಿದೆ. ಲಿಫ್ಟರ್ ಎಂದರೆ ಚೆಂಡನ್ನು ಬಲೆಯ ಹತ್ತಿರ ಎತ್ತಿ ಕೊಡುವವನು, ಸ್ಮ್ಯಾಷರ್ ಎಂದರೆ ಹಾರಿ ಅದನ್ನು ಬಡಿಯುವವನು ಎಂದು ಕಲಿತೆ. ನಮ್ಮ ಲಿಫ್ಟರ್ ಕಟಪಾಡಿಯಲ್ಲಿ ಟೈಲರ್. ಸ್ಮ್ಯಾಷರ್ ಬಸ್ಸಿನ ಕಂಡಕ್ಟರ್. ಬಾಗಿಲಲ್ಲಿ ನೇತಾಡಿ ನೇತಾಡಿ ಅವನ ಕೈ ಉದ್ದವಾಯಿತು ಎಂದು ಮಾಮಿಯ ವಾದ. ಇಬ್ಬರೂ ಒಂದೇ ಸೈಕಲಿನಲ್ಲಿ ಬರುವ ಜೋಡಿ. ಅವನು ಎತ್ತುವುದು, ಇವನು ಹೊಡೆಯುವುದು. ನಡುವೆ ಮಾತೇ ಬೇಡ.

ಆ ಜೋಡಿ ಒಡೆದದ್ದು ಒಂದು ಹುಂಜದಿಂದ!

ಲಿಫ್ಟರ್ ಕೈಯಾರೆ ಕಾಳು ತಿನ್ನಿಸಿ ಸಾಕಿದ ಹುಂಜ ಅದು. ಅವನಿಲ್ಲದಾಗ ಅವನ ಮಾವ ಅದನ್ನು ಕಾದಾಡಿಸಲಿಕ್ಕೆ ಕೋಳಿ ಅಂಕಕ್ಕೆ ಹಿಡಿದುಕೊಂಡು ಹೋದರು. ಅದು ಸೋತಿತು. ಸೋತ ಕೋಳಿ ಗೆದ್ದವನಿಗೆ; ಅದು ನಮ್ಮಲ್ಲಿಯ ಕ್ರಮ. ಗೆದ್ದವನು ಯಾರು? ನಮ್ಮ ಸ್ಮ್ಯಾಷರ್! ಅವನೇನು ಕೆಟ್ಟವನಲ್ಲ. ಸ್ನೇಹಿತನಿಗೆ ವಿಷಯ ಗೊತ್ತಿರಬಹುದು, ಅವನ ಹುಂಜದಲ್ಲಿ ಅವನಿಗೂ ಪಾಲು ಇರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಅವನನ್ನು ಕೋಳಿ ರೊಟ್ಟಿಯ ಊಟಕ್ಕೆ ಕರೆದ. ಲಿಫ್ಟರಿಗೆ ಏನೂ ಗೊತ್ತಿರಲಿಲ್ಲ. ಬಂದು, ಎರಡು ಸಲ ಬಡಿಸಿಕೊಂಡು ಉಂಡು, "ಇಷ್ಟು ರುಚಿಯ ಕೋಳಿ ನಾನು ತಿಂದದ್ದೇ ಇಲ್ಲ, ಸಾಕಿದವನ ಕೈಗುಣ ಮಾರಾಯ" ಎಂದು ಹೊಗಳಿ ಮನೆಗೆ ಹೋದ. ಹೋಗಿ ಗೂಡು ನೋಡಿದ.

ಅಂದಿನಿಂದ ಕೋಣೆಯಲ್ಲಿ ಕೇರಂ ಬೋರ್ಡಿನ ಸದ್ದು ಮಾತ್ರ.

ಬರುವ ಭಾನುವಾರ ಶಿರ್ವದವರ ಜೊತೆ ಪಂದ್ಯ. ಮಾಮಿಗೆ ಅನ್ನ ಸೇರಲಿಲ್ಲ. "ಒಂದು ಹುಂಜ ನಮ್ಮ ತಂಡವನ್ನೇ ತಿಂದಿತಲ್ಲ!" ಎಂದು ಹಲುಬಿದರು. ಆಮೇಲೆ ಉಪಾಯ ಮಾಡಿದರು. ಪಂದ್ಯದ ದಿನ ಬೆಳಿಗ್ಗೆ ಇಬ್ಬರನ್ನೂ ಗಂಜಿಗೆ ಕರೆದು ಚಾವಡಿಯ ಆಚೆ ಈಚೆ ಕೂರಿಸಿದರು. ಗಂಜಿಯ ಪಾತ್ರೆ ಲಿಫ್ಟರ್‌ನ ಮುಂದೆ, ಉಪ್ಪಿನಕಾಯಿಯ ಭರಣಿ ಸ್ಮ್ಯಾಷರ್‌ನ ಮುಂದೆ. "ಬಡಿಸಲಿಕ್ಕೆ ಯಾರೂ ಹೋಗಬಾರದು. ಬೇಕಾದವರು ಬಾಯಿ ಬಿಟ್ಟು ಕೇಳಲಿ," ಎಂದು ನನಗೆ ಆಜ್ಞೆ.

ಬಾಯಿ ಬಿಡದೆ ಹಸಿದಿರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ತಿಳಿದಿದ್ದೆ. ಅಂದು ನನ್ನ ಗರ್ವ ಇಳಿಯಿತು. ಲಿಫ್ಟರ್ ಸಪ್ಪೆ ಗಂಜಿಯನ್ನೇ ಉಂಡು ಎದ್ದ. ಸ್ಮ್ಯಾಷರ್ ಬರಿಯ ಮಾವಿನಮಿಡಿಯನ್ನು ಕಚ್ಚಿ ಕಚ್ಚಿ ಮುಗಿಸಿ, ಬಾವಿಕಟ್ಟೆಗೆ ಹೋಗಿ ಕೊಡಪಾನದಲ್ಲೇ ನೀರು ಕುಡಿದ. "ಊಟ ಒಳ್ಳೆಯದಿತ್ತು ದೊಡ್ಡಮ್ಮ," ಎಂದು ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೋದರು. ಮಾಮಿ ಖಾಲಿ ಭರಣಿಯನ್ನು ನೋಡಿ, "ಇನ್ನು ಮಳೆಗಾಲಕ್ಕೆ ಎಂತ ಮಾಡುವುದು?" ಎಂದರು.

ಸಂಜೆ ಗದ್ದೆ ತುಂಬ ಜನ. ಬಾಯಮ್ಮ ಶಿರ್ವದ ನೆಂಟರನ್ನೆಲ್ಲ ಕರೆತಂದು ನಮ್ಮ ಪಾಗಾರದ ಮೇಲೇ ಕೂರಿಸಿದ್ದರು! ಮಾಮಿ ಕೆಳಗೆ ಮಣೆಯ ಮೇಲೆ, ನಾನು ಅವರ ಪಕ್ಕದಲ್ಲಿ ನಿಂತು.

"ಎಂತ ಆಯಿತು?"

"ಲಿಫ್ಟರ್ ಎತ್ತಿದ. ಆದರೆ ಸ್ಮ್ಯಾಷರ್‌ಗೆ ಅಲ್ಲ, ಹಿಂದಿನವನಿಗೆ."

"ಪುನಃ?"

"ಪುನಃ ಹಿಂದಿನವನಿಗೇ ಮಾಮಿ! ಸ್ಮ್ಯಾಷರ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾನೆ."

"ಗಟ್ಟಿ ಹೇಳು, ಗಲಾಟೆಯಲ್ಲಿ ಕೇಳುವುದಿಲ್ಲ."

ನನಗೂ ಸಿಟ್ಟು ಏರುತ್ತಿತ್ತು. ಗಟ್ಟಿ ಹೇಳಿದೆ. ಇನ್ನೂ ಗಟ್ಟಿ ಎಂದರು. ಅಷ್ಟರಲ್ಲಿ ಯಾರೋ ಚೆಂಡು ಸರ್ವ್ ಮಾಡಲು ಕೈ ಎತ್ತಿದರು. ಇಡೀ ಗದ್ದೆ ಉಸಿರು ಹಿಡಿದು ಸುಮ್ಮನಾಯಿತು. ನನಗೆ ಸುಮ್ಮನಾಗಬೇಕೆಂದು ಹೊಳೆಯಲಿಲ್ಲ. ಹುಟ್ಟಿದಂದಿನಿಂದ ಕೂಡಿಟ್ಟ ಸ್ವರವೆಲ್ಲ ಒಟ್ಟಿಗೆ ಹೊರಗೆ ಬಂತು:

"ಅವನಿಗೆ ಕೊಡುವುದೇ ಇಲ್ಲ ಮಾಮೀ! ಇವನ ಹೊಟ್ಟೆಯಲ್ಲಿ ಆ ಹುಂಜ ಇನ್ನೂ ಕೂಗ್ತಾ ಉಂಟು!"

ಗದ್ದೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಪಾಗಾರದ ಮೇಲಿದ್ದ ಶಿರ್ವದ ನೆಂಟರೊಬ್ಬರು ನಗುತ್ತಾ ಹಿಂದಕ್ಕೆ ನಮ್ಮ ಮಲ್ಲಿಗೆ ಗಿಡದ ಮೇಲೆ ಬಿದ್ದರು. ನಾನು ಸೆರಗು ಮುಖಕ್ಕೆ ಹಾಕಿಕೊಂಡು ಕೂತುಬಿಟ್ಟೆ. ಭೂಮಿ ಬಾಯಿ ತೆರೆದಿದ್ದರೆ ಹೋಗುತ್ತಿದ್ದೆ; ಆದರೆ ಬಾಯಿ ತೆರೆದವಳು ನಾನೇ! ಮಾಮಿ ನನ್ನ ಬೆನ್ನು ತಟ್ಟುತ್ತಾ, "ಏಳು ಏಳು, ಆಟ ಹೋಗ್ತದೆ," ಎಂದರು. ಎದ್ದು ಸೆರಗಿನ ಸಂದಿಯಿಂದ ನೋಡಿದೆ. ಲಿಫ್ಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸ್ಮ್ಯಾಷರ್ ಅವನ ಬೆನ್ನಿಗೆ ಗುದ್ದಿ ತಾನೂ ನಗುತ್ತಿದ್ದ. ಮುಂದಿನ ಚೆಂಡು ಬಂತು. ಅವನು ಎತ್ತಿದ, ಇವನು ಹೊಡೆದ. ಚೆಂಡು ಬಿದ್ದ ಕಡೆ ಧೂಳೆದ್ದಿತು.

ನಾವು ಗೆದ್ದೆವು ಎಂದುಕೊಂಡಿರಾ? ಇಲ್ಲ, ಸೋತೆವು. ನನ್ನ ಬಾಯಿ ತೆರೆಯುವಷ್ಟರಲ್ಲಿ ಹೊತ್ತು ಮೀರಿತ್ತು.

ಆದರೆ ಮಾಮಿಗೆ ಬೇಸರವೇ ಇಲ್ಲ. ಮಣೆಯಿಂದ ಎದ್ದು ನನ್ನ ಪಕ್ಕ ನಿಂತರು. "ಸೋತದ್ದು ಹೋಗಲಿ. ಅಗಾ, ಗದ್ದೆಯ ಆ ಕೊನೆಯಲ್ಲಿ ನೋಡು, ಇಬ್ಬರೂ ಒಂದೇ ಸೈಕಲಿನಲ್ಲಿ ಹೋಗ್ತಾ ಇದ್ದಾರೆ," ಎಂದರು. ನಾನೂ ನೋಡಿ ಸಂತೋಷಪಟ್ಟೆ. ದೂರದ್ದು ಹೊಗೆ ಹೊಗೆ ಎನ್ನುವವರಿಗೆ ಅದು ಹೇಗೆ ಕಂಡಿತು ಎಂದು ನನ್ನ ತಲೆಗೆ ಹೋಗಲೇ ಇಲ್ಲ. ಅಷ್ಟು ಬುದ್ಧಿವಂತೆ ನಾನು!

ಆಮೇಲೆ ನನ್ನ ನಾಲಿಗೆಗೆ ರೆಕ್ಕೆ ಬಂತು. ಮೀನಿನವಳ ಹತ್ತಿರ ಚೌಕಾಸಿ ಮಾಡಿದೆ. ಬಾಯಮ್ಮನ ಸಂಗಡ ಮಾಮಿಯ ಪರವಾಗಿ ವಾದಿಸಿದೆ. ಊಟಕ್ಕೆ ಕೂತರೆ "ಇನ್ನೊಂದು ಸೌಟು ಹಾಕಿ," ಎಂದು ಕೇಳಿದೆ. ದನಕ್ಕೆ ಅದರ ತೆಳಿ ಪೂರ್ತಿ ಸಿಗತೊಡಗಿತು. ಕೆಲವು ವರ್ಷ ಹೀಗೆ ಕಳೆದ ಮೇಲೆ ಒಂದು ದಿನ ನಿಮ್ಮ ಅಜ್ಜನ ಎದುರು ನಿಂತು ಹೇಳಿದೆ: "ಮಾಮಿಯ ಕಣ್ಣು ಡಾಕ್ಟರಿಗೆ ತೋರಿಸಲೇಬೇಕು."

ಮಾಮಿ ಒಪ್ಪಲಿಲ್ಲ. "ಎಂತಕ್ಕೆ? ನೀನು ಉಂಟಲ್ಲ ಹೇಳಲಿಕ್ಕೆ?" ಎಂದರು. ಹಬ್ಬ ಕಳೆಯಲಿ ಎಂದರು, ಮಳೆ ಬಿಡಲಿ ಎಂದರು. ನಾನು ಬಿಡಲಿಲ್ಲ. ಮಾತು ಕಲಿಸಿದವರ ಮೇಲೆಯೇ ಮಾತು ಪ್ರಯೋಗಿಸಿ, ಕೊನೆಗೆ ಬಸ್ಸು ಹತ್ತಿಸಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದರು. ಮಾಮಿ ಕೆಳಗಿನ ಸಾಲಿನವರೆಗೂ ಓದಿದರು. ಡಾಕ್ಟರು ನನ್ನ ಕಡೆ ತಿರುಗಿ, "ಹತ್ತಿರದ್ದಕ್ಕೆ ಒಂದು ಕನ್ನಡಕ ಬೇಕು, ಪ್ರಾಯಕ್ಕೆ ಸಹಜ. ದೂರದ್ದು ನನಗಿಂತ ಚೆನ್ನಾಗಿ ಕಾಣ್ತದಲ್ಲ ಇವರಿಗೆ! ಇವತ್ತು ಅಂತ ಅಲ್ಲ, ಯಾವತ್ತೂ ತೊಂದರೆ ಇದ್ದ ಕಣ್ಣಲ್ಲ ಇದು," ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಮಿ ಕಿಟಕಿಯ ಹತ್ತಿರ ಕೂತು ಹೊರಗೇ ನೋಡುತ್ತಿದ್ದರು. ಉಡುಪಿ ದಾಟಿತು. ನಾನೇ ಕೇಳಿದೆ. "ಮಾಮಿ, ಹಾಗಾದರೆ ಇಷ್ಟು ವರ್ಷ ನಾನು ಪಾಗಾರಕ್ಕೆ ಮೂಗು ಉಜ್ಜಿದ್ದು?"

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ನೀನು ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಹಿಂದಿನ ಬಾಗಿಲಲ್ಲಿ ನಿಂತು ದನದ ತೆಳಿ ಕುಡೀತಾ ಇದ್ದಿ. ನಾನು ಹಟ್ಟಿಯಲ್ಲಿದ್ದೆ," ಎಂದರು. "ನನ್ನ ಕಣ್ಣು ಸರಿ ಉಂಟು ಮಗಾ. ಸರಿ ಇದ್ದದ್ದಕ್ಕೇ ಅದು ಕಂಡದ್ದು."

ಕಟಪಾಡಿ ಬರುವವರೆಗೂ ಅವರ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಇಳಿದು ಮನೆ ತಲುಪುವಾಗ ಸಂಜೆಯಾಗಿತ್ತು, ಗದ್ದೆಯಲ್ಲಿ ಚೆಂಡಿನ ಸದ್ದು ಕೇಳುತ್ತಿತ್ತು. ಮಾಮಿ ಕಾಲು ತೊಳೆದು ನೇರ ಹೋಗಿ ಪಾಗಾರದ ಹತ್ತಿರ ಮಣೆ ಹಾಕಿಕೊಂಡರು.

"ಎಂತ ಆಗ್ತಾ ಉಂಟು? ಹೇಳು."

ನಾನು ಹೇಳಿದೆ. ಅವರು ಇರುವವರೆಗೂ ಹೇಳಿದೆ.

ಆದ್ದರಿಂದ ಮಕ್ಕಳೇ, ನಿಮಗೆ ಕಾಣುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿದೆ. ಏನು ಮಾಡಲಿ? ಕಣ್ಣು ಕಾಣುವವರಿಗೇ ಹೇಳಿ ಹೇಳಿ ನನಗೆ ಅಭ್ಯಾಸ.