ಎರಡು ಮನೆ, ಒಂದು ಹಲಸು, ಆರರ ಶೋ

ಗಲ್ಫಿನಲ್ಲಿ ನಾನೊಂದು ದೊಡ್ಡ ಗೋದಾಮಿನ ಸೂಪರ್‌ವೈಸರ್. ಯಾವ ಲಾರಿ ಯಾವ ಬಾಗಿಲಿಗೆ ಬರಬೇಕು, ಯಾವ ಪೆಟ್ಟಿಗೆ ಯಾವ ಊರಿಗೆ ಹೋಗಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಅಂಥ ನನಗೆ ರಜೆಯಲ್ಲಿ ಊರಿಗೆ ಬಂದಾಗ ಒಂದೇ ದಿನದಲ್ಲಿ ಇಬ್ಬರು ಹಿರಿಯರ ಮನೆಗೆ ಹೋಗಿ, ಸಂಜೆ ಆರರ ಸಿನಿಮಾಕ್ಕೆ ಮಂಗಳೂರಿಗೆ ವಾಪಸಾಗುವುದು ಯಾವ ದೊಡ್ಡ ಸಂಗತಿ? ಕುದ್ರೋಳಿಯ ನಮ್ಮ ಮನೆಯ ಜಗಲಿಯಲ್ಲಿ ಬೆಳಗಿನ ಚಾ ಕುಡಿಯುತ್ತಾ ನಾನು ಹೀಗೆಂದು ಘೋಷಿಸಿದೆ.

"ಅಲ್ಲಿ ಪೆಟ್ಟಿಗೆಗಳು ಮಾತಾಡುವುದಿಲ್ಲ," ಎಂದಳು ಹೆಂಡತಿ ವನಿತಾ. "ಇಲ್ಲಿ ಚಿಕ್ಕಮ್ಮ ಮಾತಾಡ್ತಾರೆ."

ನಾನು ನಕ್ಕೆ. ಆ ದಿನ ನಾನು ನಕ್ಕದ್ದು ಅದೇ ಕೊನೆ!

ಆರರ ಶೋ ಎಂದರೆ ಬರೀ ಸಿನಿಮಾ ಅಲ್ಲ. ನನ್ನ ಮಗಳು ದೀಕ್ಷಾ ಎಂಟನೇ ಕ್ಲಾಸು ಮುಗಿಸಿದವಳು. ಒಂದು ಬಾಹ್ಯಾಕಾಶ ನೌಕೆಯ ಸಿನಿಮಾ ಅವಳ ಪ್ರಾಣ. ಅದರ ಮೊದಲ ಎರಡು ಭಾಗಗಳನ್ನು ನಾವಿಬ್ಬರೂ ಒಟ್ಟಿಗೇ ನೋಡಿದ್ದೇವೆ. ಒಟ್ಟಿಗೆ ಅಂದರೆ, ಅವಳು ಕುದ್ರೋಳಿಯಲ್ಲಿ, ನಾನು ಗಲ್ಫಿನ ಕ್ಯಾಂಪಿನ ಮಂಚದ ಮೇಲೆ! ಫೋನಿನಲ್ಲಿ "ಒಂದು, ಎರಡು, ಮೂರು" ಎಂದು ಎಣಿಸಿ ಒಂದೇ ಕ್ಷಣಕ್ಕೆ ಬಟನ್ ಒತ್ತುತ್ತಿದ್ದೆವು. ಎರಡನೆಯ ಭಾಗದ ಕೊನೆಯಲ್ಲಿ ನೌಕೆಯೊಳಗೆ ಒಬ್ಬ ದ್ರೋಹಿ ಇದ್ದಾನೆಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ದೀಕ್ಷಾಳ ಅನುಮಾನ ಡಾಕ್ಟರ ಮೇಲೆ. ನನ್ನದು ಅಡುಗೆಯವನ ಮೇಲೆ. ನಮ್ಮ ಕ್ಯಾಂಪಿನ ಸಾಂಬಾರು ತಿಂದವರಿಗೆ ಇದರ ಕಾರಣ ತಿಳಿಯುತ್ತದೆ.

ಈಗ ಮೂರನೆಯ ಭಾಗ ಬಂದಿತ್ತು, ನಾನೂ ಬಂದಿದ್ದೆ. ಅಪ್ಪ, ಮಗಳು ಮೊದಲ ಸಲ ಪಕ್ಕಪಕ್ಕದ ಸೀಟಿನಲ್ಲಿ ಕೂತು ದ್ರೋಹಿಯನ್ನು ಹಿಡಿಯುವವರಿದ್ದೆವು. ಮರುದಿನ ವನಿತಾಳ ತವರಿಗೆ ಹೋಗುವುದು, ಪ್ಯಾಕಿಂಗ್. ಅದರ ಮರುದಿನ ವಿಮಾನ. ನಮಗಿದ್ದದ್ದು ಅದೊಂದೇ ಸಂಜೆ. ದೀಕ್ಷಾ ಬೆಳಿಗ್ಗೆಯೇ ನೌಕೆಯ ಚಿತ್ರವಿದ್ದ ಟೀ ಶರ್ಟ್ ಹಾಕಿಕೊಂಡು, ಅದೇ ನಮೂನೆಯ ಇನ್ನೊಂದನ್ನು ನನಗೂ ಹಾಕಿಸಿ, "ಪಪ್ಪ, ಮೊದಲ ಸೀನ್ ಮಿಸ್ ಆಗ್ಬಾರ್ದು. ಕ್ಲೂ ಎಲ್ಲ ಅಲ್ಲೇ ಇರೋದು," ಎಂದು ಎಚ್ಚರಿಸಿದಳು.

ಇನ್ನು ಆ ಇಬ್ಬರು ಹಿರಿಯರು. ತೀರಿಹೋದ ನನ್ನ ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ಪಡುಬಿದ್ರಿಯಲ್ಲಿ ಮಗ, ಸೊಸೆಯ ಜೊತೆ ಇದ್ದಾರೆ. ಅಮ್ಮನ ತಂಗಿ, ಅಂದರೆ ಚಿಕ್ಕಮ್ಮ, ಹಳೆಯಂಗಡಿಯಲ್ಲಿ ಹಳೆಯ ಜಾಗದಲ್ಲೇ ಮನೆ ಕಟ್ಟಿಸಿಕೊಂಡಿದ್ದಾರೆ. ಇಬ್ಬರಿಗೂ ಮಾತಿಲ್ಲ. ಜಾಗ ಪಾಲಾದಾಗ ಎಲ್ಲವೂ ಸುಸೂತ್ರವಾಗಿ ಮುಗಿದು, ಒಂದು ಹಲಸಿನ ಮರ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಮರ ದೊಡ್ಡಮ್ಮ ಚಿಕ್ಕಂದಿನಲ್ಲಿ ತಾವೇ ಬೀಜ ಹಾಕಿ, ನೀರೆರೆದು ಬೆಳೆಸಿದ್ದು. ನಿಂತದ್ದು ಚಿಕ್ಕಮ್ಮನ ಪಾಲಿನಲ್ಲಿ. ಅಂದಿನಿಂದ ದೊಡ್ಡಮ್ಮ ಆ ಮರದ ಹಣ್ಣು ಮುಟ್ಟಲಿಲ್ಲ, ಚಿಕ್ಕಮ್ಮ ಅಕ್ಕನ ಹೆಸರೆತ್ತಲಿಲ್ಲ. ನಮ್ಮ ಕುಟುಂಬದಲ್ಲಿ ಒಂದು ಅಲಿಖಿತ ಕಾನೂನೇ ಆಯಿತು: ಒಬ್ಬರ ಮನೆಗೆ ಹೋದದ್ದನ್ನು ಇನ್ನೊಬ್ಬರ ಮನೆಯಲ್ಲಿ ಹೇಳಬಾರದು, ಆದರೆ ಇಬ್ಬರ ಮನೆಗೂ ಹೋಗದೆ ಗಲ್ಫಿಗೆ ಹಾರಬಾರದು.

ಮೊದಲು ಹಳೆಯಂಗಡಿ. ಇಬ್ಬರಿಗೂ ಒಂದೇ ತೂಕದ, ಒಂದೇ ಬಣ್ಣದ ಎರಡು ಚೀಲ ತಯಾರಾಗಿದ್ದವು: ಖರ್ಜೂರ, ಬಾದಾಮಿ, ಚಾಕಲೇಟು, ಸೆಂಟು, ಮಂಡಿನೋವಿನ ಎಣ್ಣೆ. ಮೇ ತಿಂಗಳ ಬಿಸಿಲು. ಕಾರಿನಲ್ಲಿ ಬಿಟ್ಟರೆ ದೊಡ್ಡಮ್ಮನ ಚಾಕಲೇಟು ಕರಗಿ ನೀರಾಗುತ್ತದೆಂದು ಗೋದಾಮಿನ ನನ್ನ ಬುದ್ಧಿ ಹೇಳಿತು. ಎರಡೂ ಚೀಲ ಎತ್ತಿಕೊಂಡು ಒಳಗೆ ನಡೆದೆ.

"ಬಲೆ ಬಲೆ, ಬನ್ನಿ! ಅಯ್ಯೋ ಹರೀಶ, ನಂಗೆ ಎರಡೆರಡು ಚೀಲವಾ? ಅಷ್ಟೆಲ್ಲ ಯಾಕೆ ಮಗಾ!" ಎನ್ನುತ್ತಾ ಚಿಕ್ಕಮ್ಮ ಎರಡನ್ನೂ ಒಳಗಿನ ಕಪಾಟಿಗೆ ಸೇರಿಸಿ ಬೀಗ ಹಾಕಿದರು.

ನಾನು ಬಾಯಿ ತೆರೆದೆ. ಏನೆಂದು ಹೇಳುವುದು? ಒಂದು ವಾಪಸ್ ಕೊಡಿ, ಅದು ನಿಮ್ಮ ಅಕ್ಕನಿಗೆ ಎಂದೇ? ಬಾಯಿ ಮುಚ್ಚಿದೆ. ವನಿತಾ ನನ್ನನ್ನು ನೋಡಿದ ನೋಟದಲ್ಲಿ ಮುಂದಿನ ಒಂದು ವಾರದ ಮಾತುಗಳಿದ್ದವು.

ನೀರುದೋಸೆ, ಕೋಳಿ ಸಾರು, ಅದರ ಮೇಲೆ ಪಾಯಸ. ಹೊರಡುವಾಗ "ಎಲ್ಲಿಗೆ ಸವಾರಿ?" ಎಂದು ಕೇಳಿದರು. "ಉಡುಪಿಗೆ, ದೇವಸ್ಥಾನಕ್ಕೆ," ಎಂದೆ. ಚಿಕ್ಕಮ್ಮ ಸಂತೋಷಪಟ್ಟು, ಹಿತ್ತಿಲಿನಿಂದ ಒಂದು ಭಾರಿ ಹಲಸಿನ ಹಣ್ಣು ತರಿಸಿ ಡಿಕ್ಕಿಗೆ ಹಾಕಿಸಿದರು. "ಇದು ಆ ಮರದ್ದೇ. ಇವತ್ತೇ ಕೊಯ್ಯಿ, ನಾಳೆಗೆ ಉಳಿಯುವುದಿಲ್ಲ."

ಕಾರು ಹೆದ್ದಾರಿ ಹತ್ತಿದ ಮೇಲೆ ವನಿತಾ ಬಾಯಿ ಬಿಟ್ಟಳು. "ಈಗ ದೊಡ್ಡಮ್ಮನಿಗೆ ಎಂತ ಕೊಡೋದು? ಬರೀ ಕೈ ಬೀಸ್ಕೊಂಡು ಹೋಗೋದಾ? ಮೂಲ್ಕಿಯಲ್ಲಿ ನಿಲ್ಲಿಸಿ, ಆಪಲ್ ಆದ್ರೂ ತಗೊಳ್ಳುವ."

"ಆಪಲ್ ಕೊಟ್ಟರೆ, ನಾನೇನು ಆಸ್ಪತ್ರೆಯಲ್ಲಿ ಮಲಗಿದ್ದೇನಾ ಅಂತ ಕೇಳ್ತಾರೆ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಹತ್ತಬಾರದಿತ್ತು! ದೊಡ್ಡಮ್ಮನ ಮನೆಯ ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾರೆ, ಒಂದು ಪಪ್ಪಾಯಿ ಗಿಡವೂ ಇಲ್ಲ. ಅವರಿಗೆ ಹಲಸು ಅಂದರೆ ಜೀವ. ಹಲಸು ಡಿಕ್ಕಿಯಲ್ಲೇ ಉಂಟು. ರಸ್ತೆ ಬದಿಯಲ್ಲಿ ತೆಗೆದುಕೊಂಡೆ ಎಂದರಾಯಿತು. ಇಲ್ಲಿಯ ಸರಕು ಅಲ್ಲಿಗೆ. ನಾವು ದಿನಾ ಮಾಡುವ ಕೆಲಸ.

"ಬೇಡ ಮಾರಾಯ್ರೆ. ಅದು ಆ ಮರದ್ದು," ಎಂದಳು ವನಿತಾ.

"ಹಲಸಿನ ಹಣ್ಣಿನ ಮೇಲೆ ವಿಳಾಸ ಬರೆದಿರುತ್ತದಾ?" ಎಂದೆ ನಾನು.

ದೊಡ್ಡಮ್ಮ ನಮ್ಮನ್ನು ಕಂಡು ಖುಷಿಯಾದರು. ನನ್ನ ಎದೆಯ ಮೇಲಿನ ನೌಕೆಯನ್ನು ದಿಟ್ಟಿಸಿ, "ಎಂತ ಮಗಾ, ಬನಿಯನ್‌ನಲ್ಲಿ ಕುಕ್ಕರ್?" ಎಂದು ವಿಚಾರಿಸಿದರು. ಹಲಸನ್ನು ಕಂಡಾಗಲಂತೂ ಮುಖ ಅರಳಿತು. ನೆಲಕ್ಕೆ ಪೇಪರು ಹಾಸಿ, ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ, ಸೆರಗು ಸಿಕ್ಕಿಸಿ ಕೂತರು. ಹಣ್ಣನ್ನು ತಿರುಗಿಸಿದರು. ತೊಟ್ಟಿನ ಹತ್ತಿರ ಒಂದು ತಗ್ಗು ಇತ್ತು. ಅದರ ಮೇಲೆ ಅವರ ಹೆಬ್ಬೆರಳು ನಿಂತಿತು.

"ಎಲ್ಲಿಂದ ತಂದದ್ದು?"

"ಮೂಲ್ಕಿ ಹತ್ತಿರ, ರಸ್ತೆ ಬದಿ. ಮಂಗಳೂರಿನಿಂದ ಸೀದಾ ಬಂದೆವು ದೊಡ್ಡಮ್ಮ, ಎಲ್ಲೂ ನಿಲ್ಲಿಸಲಿಲ್ಲ."

"ನಿಲ್ಲಿಸದೆ ಹಲಸು ಹೇಗೆ ತಗೊಂಡಿ?"

ದೀಕ್ಷಾ ಛಾವಣಿ ನೋಡಿದಳು. ದೊಡ್ಡಮ್ಮ ಮತ್ತೇನೂ ಕೇಳದೆ ಹಣ್ಣನ್ನು ಎರಡಾಗಿ ಸೀಳಿದರು. ಒಳಗೆ ಕೆಂಪು ಕೆಂಪು ತೊಳೆ. ಒಂದನ್ನು ಬಿಡಿಸಿ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ನನಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಇಷ್ಟು ಹೆದರಿಕೆ ಆಗಿರಲಿಲ್ಲ.

"ಇದು ನನ್ನ ಮರದ್ದು," ಎಂದರು ದೊಡ್ಡಮ್ಮ.

ಆಮೇಲೆ ಎದ್ದರು. ಸೀರೆ ಬದಲಿಸಿದರು. ಅರ್ಧ ಹಲಸನ್ನು ಪೇಪರಿನಲ್ಲಿ ಸುತ್ತಿದರು. ಕೊನೆಗೆ ಆ ದೊಡ್ಡ ಕತ್ತಿಯನ್ನೂ ಒರೆಸಿ, ಇನ್ನೊಂದು ಪೇಪರಿನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡರು!

"ನಡಿ, ಹಳೆಯಂಗಡಿಗೆ."

"ಯಾಕೆ ದೊಡ್ಡಮ್ಮ?"

"ಹೋದ ಮೇಲೆ ಗೊತ್ತಾಗ್ತದೆ."

ಆ ದಾರಿ ನನಗೆ ಯಾವತ್ತೂ ಅಷ್ಟು ಉದ್ದವೆನಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಕೂತಿದ್ದರು. ತೊಡೆಯ ಮೇಲೆ ಹಲಸು, ಕಾಲ ಬಳಿ ಕತ್ತಿಯ ಬ್ಯಾಗು. ಪಕ್ಕದಲ್ಲಿ ದೀಕ್ಷಾ, ಒಮ್ಮೆ ಬ್ಯಾಗನ್ನೂ ಒಮ್ಮೆ ಗಡಿಯಾರವನ್ನೂ ನೋಡುತ್ತಿದ್ದಳು. ಕಾರಿನ ತುಂಬ ಹಲಸಿನ ವಾಸನೆ. ವನಿತಾ ನನ್ನ ಕಿವಿಯ ಬಳಿ ಬಾಗಿ, "ಕತ್ತಿ ಯಾಕೆ? ಕೇಳಿ ಒಮ್ಮೆ," ಎಂದು ಪಿಸುಗುಟ್ಟಿದಳು. "ನೀನೇ ಕೇಳು," ಎಂದೆ. ಯಾರೂ ಕೇಳಲಿಲ್ಲ. ಒಂದು ಚೀಲ ಚಾಕಲೇಟು ಉಳಿಸಲು ಹೋಗಿ ನಾನು ಕುಟುಂಬದಲ್ಲಿ ಏನು ಮಾಡಿ ಹಾಕಿದೆನಪ್ಪಾ!

ಚಿಕ್ಕಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಕಾರಿನಿಂದ ಇಳಿದ ಅಕ್ಕನನ್ನು ಕಂಡು ಕೈಯಲ್ಲಿದ್ದ ಹಪ್ಪಳ ಹಾಗೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ದೊಡ್ಡಮ್ಮನ ಕೈ ಬ್ಯಾಗಿಗೆ ಹೋಯಿತು. ವನಿತಾ ದೀಕ್ಷಾಳನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಮುಂದೆ ಹೋಗಬೇಕಿತ್ತು. ಕಾರಿನ ಬಾಗಿಲಿನ ಹಿಂದೆ ನಿಂತೆ.

ಬ್ಯಾಗಿನಿಂದ ಕತ್ತಿ ಬಂತು. "ನಿನ್ನ ಮನೆಯ ಕತ್ತಿ ಯಾವತ್ತೂ ಮೊಂಡು," ಎಂದರು ದೊಡ್ಡಮ್ಮ. "ಅದಕ್ಕೆ ನಂದೇ ತಂದೆ. ಉಳಿದದ್ದನ್ನು ಕೊಯ್ದು ಹಲಸಿನ ಗಟ್ಟಿ ಮಾಡುವ. ಅಕ್ಕಿ ನೆನೆ ಹಾಕು."

ಚಿಕ್ಕಮ್ಮ ಹಪ್ಪಳ ಕೆಳಗಿಟ್ಟರು. "ಅಕ್ಕ," ಎಂದರು. ಅಷ್ಟೇ. ಎಷ್ಟೋ ವರ್ಷ ಯಾರಿಂದಲೂ ಆಗದ ಕೆಲಸ ನನ್ನಿಂದ ಆಯಿತಲ್ಲ ಎಂಬ ಹೆಮ್ಮೆಯಿಂದ ಬಾಗಿಲಿನ ಹಿಂದಿನಿಂದ ಹೊರಬಂದೆ.

ಹೊರಬಂದದ್ದೇ ತಪ್ಪಾಯಿತು.

"ಇವ ನಂಗೆ ರಸ್ತೆ ಬದಿಯದ್ದು ಅಂದ," ಎಂದರು ದೊಡ್ಡಮ್ಮ.

"ರಸ್ತೆ ಬದಿಯದ್ದಾ? ನಾನು ಕೈಯಾರೆ ಕೊಟ್ಟದ್ದು! ನಂಗೆ ಉಡುಪಿ ದೇವಸ್ಥಾನಕ್ಕೆ ಅಂದ!"

"ಉಡುಪಿಯಾ? ನಂಗೆ ಎಲ್ಲೂ ನಿಲ್ಲಿಸಲಿಲ್ಲ, ಸೀದಾ ಬಂದೆ ಅಂದ! ಅದೂ ಬರೀ ಕೈಯಲ್ಲಿ!"

"ಬರೀ ಕೈಯಾ?" ಚಿಕ್ಕಮ್ಮ ಒಂದು ಕ್ಷಣ ಯೋಚಿಸಿದರು. ಸೀದಾ ಒಳಗೆ ಹೋಗಿ ಕಪಾಟು ತೆರೆದು ಎರಡನೆಯ ಚೀಲ ತಂದು ಅಕ್ಕನ ಕೈಗಿಟ್ಟರು. "ಆಗಲೇ ನಂಗೆ ಅನುಮಾನ ಬಂದಿತ್ತು. ಇವ ಇಷ್ಟು ಧಾರಾಳಿ ಅಲ್ಲ."

ಅಲ್ಲಿಂದ ಮುಂದೆ ಅಕ್ಕ, ತಂಗಿ ಒಂದೇ ಪಕ್ಷ. ಇಬ್ಬರೂ ಸೇರಿ ನನ್ನನ್ನು ಬೈದರು. ಚಿಕ್ಕಂದಿನಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಒಬ್ಬರು ನೆನಪಿಸಿದರೆ ಇನ್ನೊಬ್ಬರು ಪೂರ್ತಿ ಮಾಡಿದರು. ಬೈದು ಬೈದು ಇಬ್ಬರ ಮುಖದಲ್ಲೂ ಕಳೆ ಬಂತು. ಆದರೆ ದೀಕ್ಷಾ ನನ್ನ ಅಂಗಿ ಎಳೆಯುತ್ತಿದ್ದಳು. "ಪಪ್ಪ, ಟೈಮಾಯ್ತು."

"ಗಟ್ಟಿ ತಿನ್ನದೆ ಹೋಗೋದಾ? ನಾವಿಬ್ಬರು ಒಟ್ಟಿಗೆ ಒಲೆ ಮುಂದೆ ನಿಂತು ಎಷ್ಟು ವರ್ಷ ಆಯ್ತು, ಗೊತ್ತುಂಟಾ?" ಎಂದರು ಚಿಕ್ಕಮ್ಮ. ಅಕ್ಕಿ ನೆನೆಯಬೇಕು, ರುಬ್ಬಬೇಕು, ಸಾಗುವಾನಿ ಎಲೆ ತಂದು, ಹಿಟ್ಟು ಕಟ್ಟಿ, ಹಬೆಯಲ್ಲಿ ಬೇಯಿಸಬೇಕು. ನಾನು ಹಲಸಿನ ತೊಳೆ ಬಿಡಿಸಲು ಕೂತೆ, ಬೇಗ ಆಗಲೆಂದು. ಎಣ್ಣೆ ಸವರಿಕೊಳ್ಳಲು ಮರೆತೆ. ಹಲಸಿನ ಅಂಟು ಮೇಣ ಕೈಗೆ, ಕೈಯಿಂದ ಎದೆಯ ಮೇಲಿನ ನೌಕೆಗೆ! ಹಬೆಯಾಡುವ ಗಟ್ಟಿ ಬಂದಾಗ, ಬೇಗ ಹೊರಡಬೇಕೆಂದು ಬೇಗ ಬೇಗ ತಿಂದೆ. ಬೇಗ ತಿಂದವನಿಗೆ ಬೇಗ ಬೇಗ ಬಡಿಸಿದರು.

ಹೊರಟಾಗ ದೊಡ್ಡಮ್ಮ ಕಾರು ಹತ್ತಲಿಲ್ಲ. "ನಾನು ಎರಡು ದಿನ ಇಲ್ಲೇ ಇರ್ತೇನೆ. ಮಗನಿಗೆ ಫೋನ್ ಮಾಡಿ ಹೇಳು. ಸುಳ್ಳು ಹೇಳ್ಬೇಡ," ಎಂದರು.

ಮುಂದಿನದ್ದು ಬೈಕಂಪಾಡಿಯ ಟ್ಯಾಂಕರುಗಳ ಸಾಲು, ಕೂಳೂರು ಸೇತುವೆಯ ಜಾಮ್, ಕೊಟ್ಟಾರದ ಜಾಮ್. ದೀಕ್ಷಾ ಅಳುವುದಿಲ್ಲ, ಕಿಟಕಿಯ ಹೊರಗೆ ನೋಡುತ್ತಾಳೆ. ಅದು ನನಗೆ ಅಳುವಿಗಿಂತ ಕಷ್ಟ. ಅವಳಿಗೆ ನಾನು ವರ್ಷಕ್ಕೊಮ್ಮೆ ಸಿಗುವ ಅಪ್ಪ. ಸಿಕ್ಕ ಆ ಒಂದು ಸಂಜೆಯನ್ನೂ ನಾನು ಹಲಸಿನ ಅಂಟಿನಲ್ಲಿ ಕಳೆದುಬಿಟ್ಟೆನೇ ಎಂದು ಎದೆ ಉರಿಯಿತು. ಹಾರ್ನ್ ಒತ್ತಿ ಒತ್ತಿ ಒಬ್ಬ ರಿಕ್ಷಾದವನಿಂದ ತುಳುವಿನಲ್ಲಿ ಆಶೀರ್ವಾದವನ್ನೂ ಪಡೆದೆ.

ಮಾಲ್ ತಲುಪಿ, ಓಡಿ, ಥಿಯೇಟರಿನ ಬಾಗಿಲಿಗೆ ಬಂದರೆ ಟಿಕೆಟ್ ನನ್ನ ಫೋನಿನೊಳಗೆ. ಫೋನು ತೆರೆಯಲು ಬೆರಳು ಇಟ್ಟೆ. ಮೇಣ ಮೆತ್ತಿದ ಆ ಬೆರಳನ್ನು ಫೋನು ನನ್ನದೆಂದು ಒಪ್ಪಲಿಲ್ಲ. ಹತ್ತೂ ಬೆರಳು ಇಟ್ಟೆ. ಒಪ್ಪಲಿಲ್ಲ! ಗಾಬರಿಗೆ ಪಿನ್ ಕೂಡ ಮರೆತುಹೋಯಿತು. ದೀಕ್ಷಾ ನನ್ನ ಕೈಯಿಂದ ಫೋನು ಕಿತ್ತು ನಾಲ್ಕು ಅಂಕಿ ಒತ್ತಿದಳು. ತೆರೆಯಿತು. "ನನ್ನ ಬರ್ತ್‌ಡೇ ಪಪ್ಪ," ಎಂದಳು.

ಒಳಗೆ ಹೋದಾಗ ಪರದೆಯ ಮೇಲೆ ಹೆಸರುಗಳು ಬರುತ್ತಿದ್ದವು. ಮೊದಲ ಸೀನ್ ಇನ್ನೂ ಶುರುವಾಗಿರಲಿಲ್ಲ! ದೀಕ್ಷಾ ಕತ್ತಲಲ್ಲಿ ನನ್ನ ಅಂಟು ಕೈಯನ್ನು ಹಿಡಿದುಕೊಂಡಳು. ಗೆದ್ದೆ ಎಂದುಕೊಂಡೆ. ಮೆತ್ತನೆಯ ಸೀಟು. ತಂಪು ಎ.ಸಿ. ಹೊಟ್ಟೆಯಲ್ಲಿ ಕೋಳಿ ಸಾರು, ಪಾಯಸ, ಅದರ ಮೇಲೆ ಗಟ್ಟಿ.

ಎಚ್ಚರವಾದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಜೋರಾಗಿ ತಟ್ಟಿದೆ.

ಕಾರಿನಲ್ಲಿ ದೀಕ್ಷಾ ಬಹಳ ಮೃದುವಾಗಿ ಕೇಳಿದಳು. "ದ್ರೋಹಿ ಯಾರೂಂತ ಗೊತ್ತಾಯ್ತಾ ಪಪ್ಪ?"

"ನಾನು ಹೇಳಿದ್ದೆನಲ್ಲ! ಅಡುಗೆಯವ!" ಎಂದೆ, ಧೈರ್ಯವಾಗಿ.

"ಅಡುಗೆಯವ ಇಂಟರ್ವಲ್‌ಗೆ ಮೊದಲೇ ಸತ್ತ. ಎಲ್ಲರನ್ನೂ ಉಳಿಸ್ಲಿಕ್ಕೆ."

ವನಿತಾ ಕೆಮ್ಮಿದಳು. "ಗೊರಕೆಗೆ ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದ್ರು," ಎಂದಳು.

"ಮತ್ತೆ ಯಾರು ಮಗಾ ದ್ರೋಹಿ?"

"ಹೇಳೋದಿಲ್ಲ," ಎಂದಳು ದೀಕ್ಷಾ. ಆಮೇಲೆ, ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಹಿಂದಿನಿಂದ ಹೆಗಲ ಮೇಲೆ ಗದ್ದ ಇಟ್ಟಳು. "ಫೋನಲ್ಲಿ ಬಂದಾಗ ಮೊದಲಿನ ಹಾಗೆ ನೋಡುವ. ಒಂದು, ಎರಡು, ಮೂರು ಹೇಳಿ. ನಾನು ಇನ್ನೊಮ್ಮೆ ಗೊತ್ತಿಲ್ಲದವಳ ಹಾಗೆ ನೋಡ್ತೇನೆ."

ಈಗ ಮತ್ತೆ ಗಲ್ಫಿನಲ್ಲಿದ್ದೇನೆ. ಅಕ್ಕ, ತಂಗಿ ಸೇರಿ ಕಟ್ಟಿಕೊಟ್ಟ ಹಲಸಿನ ಹಪ್ಪಳ ಕರಿದುಕೊಂಡು, ಮೇಣದ ಕಲೆಯ ಟೀ ಶರ್ಟ್ ಹಾಕಿಕೊಂಡು ಕಾಯುತ್ತಿದ್ದೇನೆ. ಶುಕ್ರವಾರ ಬಂದರೆ ಇಬ್ಬರೂ ಒಂದೇ ಫೋನಿನಿಂದ ಕರೆ ಮಾಡಿ, ಸರದಿಯಂತೆ ಬೈಯುತ್ತಾರೆ. ಸಿನಿಮಾ ಇನ್ನೂ ಫೋನಿಗೆ ಬಂದಿಲ್ಲ. ದೀಕ್ಷಾ ಆಗಾಗ "ಪಪ್ಪ, ಎಚ್ಚರ ಇದ್ದೀರಾ?" ಎಂದು ಮೆಸೇಜ್ ಹಾಕುತ್ತಾಳೆ. ದ್ರೋಹಿ ಯಾರಿರಬಹುದೆಂದು ನಾನು ದಿನಾ ಯೋಚಿಸುತ್ತೇನೆ. ಆ ಪಾಪದ ಅಡುಗೆಯವ ಸತ್ತ ಮೇಲೆ ನನಗೆ ಯಾರ ಮೇಲೂ ಅನುಮಾನವಿಲ್ಲ, ನನ್ನೊಬ್ಬನನ್ನು ಬಿಟ್ಟು.